ಒಂದು ‘ಸ್ತೋತ್ರ’ಕ್ಕೆ ಐದು ರೂಪಾಯಿ

ಮೊದಲೇ ಹೇಳಿಬಿಡುತ್ತೇನೆ. ಪ್ರಾರ್ಥನೆಯಲ್ಲಿ ಬಾಯಿಗೆ ಅಂಟಿದ ಮಾತು ಬಂದರೆ ಡಬ್ಬಿಗೆ ದಂಡ ಹಾಕುವ ಈ ಪದ್ಧತಿ ಶುರು ಮಾಡಿದಾಗ ನಮ್ಮ ಸಭೆಯಲ್ಲಿ ನಾಲ್ಕು ಜನ ನಕ್ಕರು. ಒಬ್ಬ ಹಿರಿಯರಿಗೆ ಸಿಟ್ಟು ಬಂತು. ಮನೆಯಲ್ಲಿ ಹೆಂಡತಿ, ‘ಎರಡು ವಾರ ನಡೆದರೆ ಜಾಸ್ತಿ’ ಅಂದಳು. ಈಗ ಎರಡೂವರೆ ವರ್ಷ ಆಗುತ್ತ ಬಂತು, ಇನ್ನೂ ನಡೆದಿದೆ. ಅದಕ್ಕೇ ಬರೆಯುತ್ತಿದ್ದೇನೆ.

ಪ್ರಾರ್ಥನೆ ಅಂದರೆ ಏನು, ಯಾಕೆ ಮಾಡಬೇಕು ಅನ್ನೋದೆಲ್ಲ ಇಲ್ಲಿ ಇಲ್ಲ. ಮನೆ ಪ್ರಾರ್ಥನೆಯಲ್ಲಿ ತಮ್ಮ ಪಾಳಿ ಬಂದಾಗ ಎದ್ದು ನಿಂತು, ಬಾಯಿ ತಾನಾಗೇ ಓಡುತ್ತ ಮನಸ್ಸು ಮಾತ್ರ ಚಪ್ಪಲಿ ಎಲ್ಲಿ ಬಿಟ್ಟೆ ಅಂತ ಯೋಚಿಸಿದ ಅನುಭವ ಇರೋರಿಗೆ ಇದು.

ನಾನು ಬೀದರ್‌ನಲ್ಲಿ ಮೋಟರ್ ವೈಂಡಿಂಗ್ ಮಾಡುವವನು. ಮನೆ ಮಂಗಲಪೇಟೆ ಕಡೆ. ತಾತನ ಕಾಲದಿಂದ ಮೆಥೋಡಿಸ್ಟ್ ಕ್ರೈಸ್ತರು. ಪ್ರಾರ್ಥನೆ ಯಾರೂ ಕೂರಿಸಿ ಕಲಿಸಲಿಲ್ಲ, ಕೇಳಿ ಕೇಳಿ ಬಂತು. ಚೆನ್ನಾಗೇ ಬಂತು ಅನ್ನಿ. ದನಿ ದೊಡ್ಡದು, ಉಸಿರು ಉದ್ದ, ಹತ್ತು ನಿಮಿಷ ಎಲ್ಲೂ ತಡವರಿಸದೆ ಮಾಡುತ್ತಿದ್ದೆ. ಜನ ಕರೆದು ಕರೆದು ಮಾಡಿಸುತ್ತಿದ್ದರು.

ಒಂದು ದಿನ ಓಣಿಯಲ್ಲಿ ಒಬ್ಬರ ಮನೆಯ ಮಗುವಿಗೆ ಜ್ವರ ಅಂತ ಕರೆದರು. ಹೋದೆ, ಮಾಡಿದೆ, ಚಹಾ ಕುಡಿದು ಬಂದೆ. ಮಗ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದ, ಸುಮ್ನೆ ತಮಾಷೆಗೆ. ರಾತ್ರಿ ಕೇಳಿದೆ. ಆರು ನಿಮಿಷ ಚಿಲ್ಲರೆ. ‘ಸ್ತೋತ್ರ’, ಅಂದರೆ ನಮ್ಮಲ್ಲಿ ದೇವರಿಗೆ ವಂದನೆ ಅನ್ನೋ ಮಾತು, ನಲವತ್ತರ ಮೇಲೆ. ‘ಕರ್ತನೇ’ ಮೂವತ್ತೋ ಏನೋ. ‘ಈ ಸಮಯದಲ್ಲಿ’ ಹದಿನೇಳು ಸಲ, ಅದು ಮಾತ್ರ ಸರಿಯಾಗಿ ನೆನಪಿದೆ. ಮಗುವಿನ ಹೆಸರು ಒಂದೇ ಸಲ ಬಂದಿತ್ತು. ಅದೂ ಅದರ ಅಣ್ಣನ ಹೆಸರು.

ಮನೆಯವರು ಏನೂ ಅಂದಿರಲಿಲ್ಲ. ಆಮೇನ್ ಅಂದಿದ್ದರು.

ಅಲ್ಲಿಂದ ಸುಮಾರು ಮೂರು ವರ್ಷ ನಾನು ಖರ್ಚು ಮಾಡಿದ್ದನ್ನು ಕೂಡಿಸಿದರೆ ಒಂದು ಹಳೇ ಬೈಕ್ ಬರುತ್ತಿತ್ತು. ಮೊದಲು ನಮ್ಮ ಕ್ರೈಸ್ತರ ಧಾರೂರು ಜಾತ್ರೆ. ಗೊತ್ತಲ್ಲ, ನವೆಂಬರ್‌ನಲ್ಲಿ ವಿಕಾರಾಬಾದ್ ಹತ್ತಿರ ಆಗುತ್ತೆ, ನಮ್ಮ ಕಡೆಯಿಂದ ಗಾಡಿ ಗಾಡಿ ಜನ ಹೋಗುತ್ತಾರೆ. ಸಂಸಾರ ಸಮೇತ ಹೋಗಿ, ಟೆಂಟ್ ಹಾಕಿ, ಅಡುಗೆ ಮಾಡಿಕೊಂಡು ಇದ್ದು ಬಂದೆ. ಏಳೆಂಟು ಸಾವಿರ ಮುರಿಯಿತು. ಅಲ್ಲಿ ಅತ್ತದ್ದು ಖರೇ ಅಳು, ಸುಳ್ಳು ಹೇಳಲ್ಲ. ಆದರೆ ಸೋಮವಾರ ಅಂಗಡಿ ಶಟರ್ ಎತ್ತುವಾಗ ಬಾಯಲ್ಲಿ ಮತ್ತೆ ಅದೇ ಹಳೇ ಟೇಪು. ತಪ್ಪು ಜಾತ್ರೆಯದಲ್ಲ, ನಾನು ಬಾಯಿಯನ್ನು ಮನೆಯಲ್ಲಿ ಬಿಟ್ಟು ಹೋಗಿರಲಿಲ್ಲವಲ್ಲ.

ಆಮೇಲೆ ಕೋಣೆ. ಕೋಣೆಗೆ ಹೋಗಿ ಬಾಗಿಲು ಹಾಕಿಕೋ ಅಂತ ಬೈಬಲಿನ ಮತ್ತಾಯ ಆರರಲ್ಲಿದೆ. ನಮ್ಮ ಮನೆಯಲ್ಲಿ ಒಬ್ಬನೇ ಬಾಗಿಲು ಹಾಕಿಕೊಂಡು ಕೂರೋ ಜಾಗ ಬಚ್ಚಲು ಒಂದೇ. ಅದಕ್ಕೆ ಮಾಳಿಗೆ ಮೇಲೆ ತಗಡು ಹಾಕಿಸಿ ಒಂದು ಗೂಡು ಕಟ್ಟಿಸಿದೆ. ಹನ್ನೊಂದು ಸಾವಿರ ಚಿಲ್ಲರೆ. ಬೆಳಗಿನ ನಾಲ್ಕೂವರೆಗೆ ಅಲಾರಂ. ಮೊದಲ ವಾರ ಮೊಣಕಾಲೂರಿದವನು ಹಾಗೇ ನಿದ್ದೆ ಹೋದೆ, ಎರಡನೇ ವಾರ ಚಾಪೆ ತಂದೆ, ಅದು ಇನ್ನೂ ದೊಡ್ಡ ತಪ್ಪು. ಬೇಸಿಗೆ ಬಂತು. ಏಪ್ರಿಲ್, ಮೇನಲ್ಲಿ ಬೀದರ್‌ನಲ್ಲಿ ತಗಡಿನ ಕೆಳಗೆ ಯಾರಾದರೂ ಕೂತಿದ್ದರೆ ಮುಂದಿನದು ಹೇಳಬೇಕಾಗಿಲ್ಲ. ಈಗ ಅಲ್ಲಿ ಹೆಂಡತಿ ತೊಗರಿ ಚೀಲ, ಹಳೇ ಕೂಲರ್ ಇಟ್ಟಿದ್ದಾಳೆ.

ಉಪವಾಸ ಪ್ರಾರ್ಥನೆಯನ್ನೂ ಮಾಡಿದೆ. ಮೂರನೇ ದಿನ ಪಿತ್ತ ಎದ್ದು ಡಾಕ್ಟರಿಗೆ ಆರುನೂರು. ಪುಸ್ತಕದಲ್ಲಿ ಬರೆಯುವುದನ್ನೂ ನೋಡಿದೆ. ಮೂರು ಲಾಂಗ್‌ಬುಕ್ ತುಂಬಿತು. ಒಂದು ದಿನ ಹಿಂದಿನದು ತೆಗೆದು ಓದಿದರೆ ಅದರಲ್ಲಿ ನಾನು ಎಷ್ಟು ಒಳ್ಳೆಯವನು! ತಪ್ಪು ಒಪ್ಪಿಕೊಂಡದ್ದೂ ಅಂದವಾಗಿದೆ. ಆಗ ಹೊಳೆಯಿತು, ನಾನು ಸತ್ತ ಮೇಲೆ ಮಕ್ಕಳು ಓದಲಿ ಅಂತ ಬರೆದಿದ್ದೆ. ದೇವರಿಗೆ ಬರೆದದ್ದು ಒಂದು ಪುಟವೂ ಇರಲಿಲ್ಲ. ಮೂರನ್ನೂ ಅಂಗಡಿಯ ವಾರ್ನಿಷ್ ಒಣಗಿಸುವ ಒಲೆಗೆ ಹಾಕಿದೆ.

ಡಬ್ಬಿ ಬಂದದ್ದು ಇದಾದ ಮೇಲೆ. ಉಪ್ಪಿನಕಾಯಿಯ ಖಾಲಿ ಡಬ್ಬಿ. ಕ್ಯಾಲೆಂಡರ್ ಹಿಂದೆ ಹದಿನಾಲ್ಕು ಮಾತು ಬರೆದೆ. ಸ್ತೋತ್ರ, ಕರ್ತನೇ, ಈ ಸಮಯದಲ್ಲಿ, ವಿಶೇಷವಾಗಿ, ನಿನ್ನ ಪಾದಸನ್ನಿಧಿಗೆ, ಮುಟ್ಟಿ ಆಶೀರ್ವದಿಸು... ಈ ತರಹದವು. ಕೆಟ್ಟ ಮಾತು ಅಂತಲ್ಲ. ನನ್ನ ಬಾಯಲ್ಲಿ ಅವು ಮಾತಾಗಿ ಉಳಿದಿರಲಿಲ್ಲ, ಮುಂದಿನದು ಹೊಳೆಯುವ ತನಕ ಜಾಗ ತುಂಬುವ ಸದ್ದಾಗಿದ್ದವು, ಅಷ್ಟೇ. ಒಂದು ಮಾತಿಗೆ ಐದು ರೂಪಾಯಿ ದಂಡ. ಲೆಕ್ಕ ಮಗನದು, ಅವನಿಗೆ ಹತ್ತಕ್ಕೆ ಒಂದು ಕಮಿಷನ್. ಹದಿಮೂರು ವರ್ಷದ ಹುಡುಗನಿಗೆ ಕಮಿಷನ್ ಕೊಟ್ಟು ನೋಡಿ, ಒಂದೂ ಬಿಡಲ್ಲ.

ಮೊದಲ ವಾರ ಇನ್ನೂರು ಚಿಲ್ಲರೆ ಹೋಯಿತು. ಮೊದಲ ತಿಂಗಳು ಆರುನೂರ ನಲವತ್ತರ ಆಸುಪಾಸು.

ಇನ್ನೊಂದು ತೊಂದರೆ ಆಯ್ತು, ಅದನ್ನು ನಾನು ಎಣಿಸಿರಲಿಲ್ಲ. ದಂಡದ ಹೆದರಿಕೆಗೆ ಆ ಹದಿನಾಲ್ಕು ಮಾತು ತೆಗೆದ ಮೇಲೆ ನನ್ನ ಹತ್ತಿರ ಏನೂ ಉಳಿಯಲಿಲ್ಲ. ಹತ್ತು ನಿಮಿಷದ ಪ್ರಾರ್ಥನೆ ಇಪ್ಪತ್ತು ಸೆಕೆಂಡಿಗೆ ಬಂತು. ಸುಮಾರು ಒಂದು ವಾರ ರಾತ್ರಿ ಕೂತು ಕಣ್ಣು ಮುಚ್ಚಿ ‘ಯಪ್ಪಾ...’ ಅಂತ ಅಂದು ಸುಮ್ಮನಾಗುತ್ತಿದ್ದೆ. ಅದರ ಮುಂದೆ ಮಾತೇ ಇಲ್ಲ. ಇಷ್ಟು ವರ್ಷ ನಾನು ಏನೂ ಹೇಳಿಯೇ ಇರಲಿಲ್ಲವಾ ಅಂತ ಹೆದರಿಕೆ ಆಯ್ತು. ಬಹಳ ಜನ ಬಿಟ್ಟುಬಿಡೋದು ಇಲ್ಲೇ. ಬಿಡಬೇಡಿ. ಆ ಖಾಲಿ ವಾರವೇ ಡಬ್ಬಿಯ ದುಡ್ಡಿಗೆ ಸಿಕ್ಕ ಮಾಲು.

‘ಯಪ್ಪಾ’ ಅಂದದ್ದಕ್ಕೇ ಆ ಹಿರಿಯರಿಗೆ ಸಿಟ್ಟು ಬಂದದ್ದು. ದೇವರನ್ನು ಹಾಗೆ ಕರೆಯುತ್ತಾರಾ, ಅದು ಕಟ್ಟೆ ಮೇಲಿನ ಮಾತು ಅಂದರು. ನಾನು ಮಾರ್ಕ ಹದಿನಾಲ್ಕು ತೆಗೆದೆ. ಗೆತ್ಸೆಮನೆ ತೋಟದಲ್ಲಿ, ಎದೆ ಒಡೆಯುವ ಹೊತ್ತಿನಲ್ಲಿ, ಯೇಸು ದೇವರನ್ನು ಕರೆದದ್ದು ‘ಅಬ್ಬಾ’ ಅಂತ, ಅಪ್ಪಾ ಅಂತ ಅರ್ಥ. ಅದು ಅವನ ಮನೆಮಾತು, ಅರಾಮಿಕ್. ಬರೆದವರು ಗ್ರೀಕಿನಲ್ಲಿ ಬರೆದರೂ ಆ ಒಂದು ಮಾತನ್ನು ಹಾಗೇ ಬಿಟ್ಟಿದ್ದಾರೆ. ಅದಕ್ಕೂ ನಮ್ಮ ಯಪ್ಪಾಕ್ಕೂ ಎಷ್ಟು ದೂರ? ಇಲ್ಲಿಂದ 80 ಕಿಲೋಮೀಟರ್ ಆಚೆ ಬಸವಕಲ್ಯಾಣದಲ್ಲಿ ಶರಣರು 12ನೇ ಶತಮಾನದಲ್ಲೇ ಅಡುಗೆಮನೆ ಕನ್ನಡದಲ್ಲಿ, ಅಂಗಡಿ ಕನ್ನಡದಲ್ಲಿ ತಮ್ಮ ದೇವರ ಜೊತೆ ಮಾತಾಡಿದರು. ನಾವು ಕ್ರೈಸ್ತರಾಗಿದ್ದಕ್ಕೆ ಮನೆಮಾತು ಬಿಡಬೇಕು ಅಂತ ಎಲ್ಲಿ ಬರೆದಿದೆ?

ಇಷ್ಟಕ್ಕೇ ನಿಲ್ಲಿಸಬೇಕಿತ್ತು. ಜೋರು ಬಂದು, ಮೆಥೋಡಿಸ್ಟ್ ಪಂಥ ಶುರು ಮಾಡಿದ ನಮ್ಮ ಜಾನ್ ವೆಸ್ಲಿಯೇ 1738ರ ಏಪ್ರಿಲ್ 1ರಂದು, ಬರೆದಿಟ್ಟ ಪ್ರಾರ್ಥನೆಗೆ ಇನ್ನು ಕಟ್ಟುಬೀಳಲ್ಲ ಅಂತ ದಿನಚರಿಯಲ್ಲಿ ಬರೆದಿದ್ದಾರೆ ಅಂದೆ. ಹಿರಿಯರು ನನಗಿಂತ ಓದಿದವರು. ‘ಮುಂದಿನದೂ ಓದು. ಸಮಯ ನೋಡಿ ಬರೆದದ್ದನ್ನೂ ಹೇಳ್ತೀನಿ, ಬರೆಯದೇ ಇದ್ದದ್ದನ್ನೂ ಹೇಳ್ತೀನಿ ಅಂದಾರ’ ಅಂತ ಅಂದುಬಿಟ್ಟರು. ನೋಡಿದರೆ ಹೌದು. ಹಾಗಾಗಿ ಯೇಸು ಕಲಿಸಿಕೊಟ್ಟ ಕರ್ತನ ಪ್ರಾರ್ಥನೆಯನ್ನು ನಾನು ಬಿಟ್ಟಿಲ್ಲ. ಅದಕ್ಕೆ ದಂಡವೂ ಇಲ್ಲ.

ಬಿಡದೇ ಇದ್ದದ್ದು ಒಳ್ಳೆಯದೇ ಆಯ್ತು, ಯಾಕಂದರೆ ಗಂಟು ಬಿಚ್ಚಿದ್ದು ಅಲ್ಲೇ.

ಔರಾದ್ ಕಡೆಯ ಒಬ್ಬ ರೈತ ಐದು ಎಚ್‌ಪಿ ಸಬ್‌ಮರ್ಸಿಬಲ್ ಕಟ್ಟಿಸಿಕೊಂಡು ಹೋಗಿ ಎರಡು ವರ್ಷ ದುಡ್ಡು ಕೊಟ್ಟಿರಲಿಲ್ಲ. ಆರು ಸಾವಿರದ ಇನ್ನೂರು. ತಾಮ್ರದ ತಂತಿ ಕಿಲೋಗೆ ಸಾವಿರದ ಹತ್ತಿರ ನಿಂತಿದ್ದಾಗ ಆರು ಸಾವಿರ ಅಂದರೆ ಏನು ಅಂತ ನಮ್ಮ ಕಸುಬಿನವರಿಗೆ ಗೊತ್ತು. ಫೋನ್ ಎತ್ತಲ್ಲ. ಸಂತೆಯಲ್ಲಿ ಕಂಡರೆ ಬೇರೆ ಗಲ್ಲಿ ಹಿಡಿಯುತ್ತಾನೆ. ಮೊದಲಾಗಿದ್ದರೆ ‘ಆ ಸಹೋದರನ ಮನಸ್ಸನ್ನು ಮುಟ್ಟು ಕರ್ತನೇ’ ಅಂತಿದ್ದೆ. ಅದು ಈಗ ಹತ್ತು ರೂಪಾಯಿ ಮಾತು. ಅವತ್ತು ರಾತ್ರಿ ಬಂದದ್ದು ಇದು: ‘ಯಪ್ಪಾ, ಅವನ ಮೋಟರ್ ಮತ್ತ ಸುಡಲಿ. ನಾ ಅವಗ ಕ್ಷಮಾ ಮಾಡಂಗಿಲ್ಲ, ನಿನಗ ಗೊತ್ತದ.’

ಹೇಳಿದ ಮೇಲೆ ಮೈ ಬೆವರಿತು. ಆಮೇಲೆ ಬೈಬಲಿನ ಕೀರ್ತನೆ 109 ನೆನಪಾಯಿತು. ದಾವೀದನ ಹೆಸರಿನಲ್ಲಿರೋ ಆ ಶಾಪದ ಮುಂದೆ ನನ್ನದು ಏನೂ ಅಲ್ಲ. ಹದಿಮೂರನೇ ಕೀರ್ತನೆಯಲ್ಲಿ ಎರಡೇ ವಚನದಲ್ಲಿ ನಾಲ್ಕು ಸಲ ಇನ್ನೆಷ್ಟು ದಿನ ಅಂತ ಕೇಳುತ್ತಾನೆ. 88 ಅಂತೂ ಕತ್ತಲಲ್ಲೇ ಮುಗಿಯುತ್ತೆ, ಸಮಾಧಾನದ ಒಂದು ಸಾಲೂ ಕೊನೆಗಿಲ್ಲ. ನಾವು ಇದನ್ನೆಲ್ಲ ಸಭೆಯಲ್ಲಿ ಓದುತ್ತೇವೆ, ಓದಿ ಮುಚ್ಚಿಟ್ಟು ‘ಸ್ತೋತ್ರ’ ಅನ್ನುತ್ತೇವೆ.

ಮತ್ತೆ ಮಾರನೇ ರಾತ್ರಿ ಅದನ್ನೇ ಹೇಳಿದೆ. ಮೂರನೇ ರಾತ್ರಿ ಹೇಳುವಾಗ ಅರ್ಧಕ್ಕೆ ನಗು ಬಂತು. ಮೋಟರ್ ಸುಟ್ಟರೆ ಅವನು ಮತ್ತೆ ಬರೋದು ನನ್ನ ಹತ್ತಿರವೇ ಅಲ್ವಾ, ಅದೂ ಉದ್ರಿಗೆ! ಒಬ್ಬನೇ ಕತ್ತಲಲ್ಲಿ ನಕ್ಕೆ. ನಕ್ಕ ಮೇಲೆ ಕರ್ತನ ಪ್ರಾರ್ಥನೆ ಹೇಳಲು ಹೋಗಿ ಕ್ಷಮೆಯ ಸಾಲಿಗೆ ಬಂದು ನಿಂತುಬಿಟ್ಟೆ. ನಮ್ಮ ಪಾಸ್ಟರ್ ಒಮ್ಮೆ ಹೇಳಿದ್ದರು, ಮತ್ತಾಯನ ಗ್ರೀಕಿನಲ್ಲಿ ಅಲ್ಲಿರೋ ಮಾತಿಗೆ ಅರ್ಥ ಸಾಲ ಅಂತ. ನಮ್ಮ ಸಾಲ ಬಿಡು, ನಮಗೆ ಸಾಲ ಇರೋರನ್ನು ನಾವು ಬಿಟ್ಟ ಹಾಗೆ. ಸಾಲ ಅಂದ ಕೂಡಲೇ ಗಾಂಧಿ ಗಂಜಿನ ತಂತಿ ಅಂಗಡಿ ಕಣ್ಣ ಮುಂದೆ ಬಂತು. ಅಲ್ಲಿ ನನ್ನ ಬಾಕಿ ಒಂಬತ್ತು ಸಾವಿರ, ಏಳು ತಿಂಗಳಿಂದ. ಅವರ ಫೋನ್ ನಾನೂ ಎತ್ತುತ್ತಿರಲಿಲ್ಲ. ನಾನೂ ಬೇರೆ ಗಲ್ಲಿ ಹಿಡಿಯುತ್ತಿದ್ದೆ.

ಮಾರನೇ ದಿನ ಹೋಗಿ ನಾಲ್ಕೂವರೆ ಸಾವಿರ ಕೊಟ್ಟೆ. ಉಳಿದದ್ದು ಎರಡು ಕಂತಿನಲ್ಲಿ. ಔರಾದಿನವನು? ಈ ದೀಪಾವಳಿಗೆ ಎರಡು ಸಾವಿರ ತಂದುಕೊಟ್ಟ. ಉಳಿದದ್ದು ಬಂದಿಲ್ಲ. ಬರುತ್ತೆ ಅಂತಲೂ ಅನಿಸಲ್ಲ. ಸಿಟ್ಟು ಇದೆ, ಥೋಡೆ ಕಡಿಮೆ.

ನಡುವೆ ಕೆಲವು ಪ್ರಯೋಗ ಮಾಡಿದೆ. ಕೆಲಸ ಮಾಡುತ್ತ ಪ್ರಾರ್ಥನೆ ಮಾಡಿದರೆ ಸಮಯ ಉಳಿಯುತ್ತೆ ಅಂತ ಸುತ್ತು ಹಾಕುವಾಗ ಶುರು ಮಾಡಿದೆ. ಎಣಿಕೆ ತಪ್ಪಿ ಒಂದು ಕಾಯಿಲ್‌ಗೆ ಆರೇಳು ಸುತ್ತು ಕಡಿಮೆ ಬಿತ್ತು, ಮೋಟರ್ ಹತ್ತು ನಿಮಿಷದಲ್ಲಿ ಕಾದು ಕೂತಿತು, ತಂತಿ, ಕೂಲಿ ಸೇರಿ ಏಳುನೂರು ಲುಕ್ಸಾನು. ಈಗ ಸುಟ್ಟ ಹಳೇ ತಂತಿ ಕೀಳುವಾಗ ಮಾತ್ರ. ಅದಕ್ಕೆ ತಲೆ ಬೇಡ, ಕೈ ಸಾಕು, ಅರ್ಧ ಗಂಟೆ ಸಿಗುತ್ತೆ. ಅಂಗಡಿ ಹುಡುಗ ಮೊದಮೊದಲು ನಾನು ಬ್ಲೂಟೂತಿನಲ್ಲಿ ಮಾತಾಡುತ್ತಿದ್ದೇನೆ ಅಂದುಕೊಂಡಿದ್ದ. ಬೈಬಲಿನಲ್ಲಿ ಪ್ರಾರ್ಥನೆ ಮಾಡುತ್ತಿದ್ದ ಹನ್ನಳ ತುಟಿ ಅಲುಗಾಡಿದ್ದಕ್ಕೆ ಯಾಜಕ ಏಲಿ ಅವಳು ಕುಡಿದಿದ್ದಾಳೆ ಅಂದುಕೊಂಡನಲ್ಲ, ಅದಕ್ಕಿಂತ ವಾಸಿ.

ಇನ್ನೊಂದು ಭಾಷೆಯದು. ನನಗೆ ಲೆಕ್ಕ ಮತ್ತು ಬೈಗುಳ ದಖನಿಯಲ್ಲೇ, ಅಂದರೆ ನಮ್ಮ ಕಡೆಯ ಉರ್ದುವಿನಲ್ಲೇ ಬರುತ್ತೆ, ಬೀದರ್‌ನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಸಿಟ್ಟಿನ ದಿನ ದಖನಿಯಲ್ಲೇ ಮಾತಾಡಿದೆ. ಒಳ್ಳೇ ಫಲ. ಹೆಂಡತಿ ಕದ್ದು ಕೇಳಿ ಮೂರು ದಿನ ನಕ್ಕಳು.

ನಾಲ್ಕು ಜನರ ಮುಂದೆ ಮಾಡೋದು ಬೇರೆ ವಿದ್ಯೆ. ಈಗ ನಾನು ಯಾರ ಮನೆಗೆ ಹೋದರೂ ಕಣ್ಣು ಮುಚ್ಚೋಕೆ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಒಂದು, ರೋಗಿಯ ಹೆಸರು, ಮನೆಯಲ್ಲಿ ಕರೆಯೋ ಹೆಸರು. ಎರಡನೆಯದು ಇಲ್ಲಿ ಬರೆಯಲ್ಲ. ಅದು ನನ್ನ ಅಂಗಡಿಯ ಗುಟ್ಟು, ನೀವೇ ನಾಲ್ಕು ಮನೆ ತಿರುಗಿ ಕಂಡುಕೊಳ್ಳಿ. ಮುಗಿಯಿತು ಅನಿಸಿದ ಜಾಗದಲ್ಲಿ ಆಮೇನ್ ಅನ್ನುತ್ತೇನೆ, ಇನ್ನೊಂದು ಸುತ್ತು ಹೊಡೆಯಲ್ಲ. ಒಂದೂವರೆ ನಿಮಿಷ, ಹೆಚ್ಚಂದರೆ ಎರಡು. ಮೊದಲು ಜನ ‘ಎಷ್ಟು ಚಂದ ಮಾಡ್ತೀರಿ’ ಅಂತಿದ್ದರು. ಈಗ ಯಾರೂ ಹಾಗನ್ನಲ್ಲ, ಸುಮ್ಮನೆ ಕೂತಿರುತ್ತಾರೆ, ಕೆಲವೊಮ್ಮೆ ಯಾರೋ ಮೂಗು ಒರೆಸುತ್ತಾರೆ. ನಕ್ಕ ನಾಲ್ಕು ಜನರಲ್ಲಿ ಇಬ್ಬರ ಮನೆಯಲ್ಲಿ ಈಗ ಡಬ್ಬಿ ಇದೆ. ಒಬ್ಬರದು ಹತ್ತು ರೂಪಾಯಿ ರೇಟು.

ಕಳೆದ ಮಳೆಗಾಲದಲ್ಲಿ ಆ ಹಿರಿಯರ ಹೆಂಡತಿಯನ್ನು ಆಸ್ಪತ್ರೆಗೆ ಸೇರಿಸಿದ್ದರು. ಅವರೇ ಫೋನ್ ಮಾಡಿ ಕರೆದರು. ನಾನು ಹೋದಾಗ ವಾರ್ಡಿನ ಹೊರಗೆ ಬೆಂಚಿನ ಮೇಲೆ ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಕೂತೆ. ಆ ತಾಯಿಯನ್ನು ಮನೆಯಲ್ಲಿ ಏನಂತ ಕರೀತೀರಿ ಅಂತ ಕೇಳಿದೆ. ಬಹಳ ಹೊತ್ತು ಹೇಳಲಿಲ್ಲ. ಆಮೇಲೆ ಮೆಲ್ಲಗೆ ಹೇಳಿದರು, ಆ ಹೆಸರು ನಾನು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅದೇ ಹೆಸರು ಹಿಡಿದು ಪ್ರಾರ್ಥನೆ ಮಾಡಿದೆ. ನನಗೂ ಗಂಟಲು ಕಟ್ಟಿ ನಡುವೆ ಎಲ್ಲೋ ಹಳೇ ಚಾಳಿ ನುಸುಳಿತು.

ಆಮೇನ್ ಅಂದು ಕಣ್ಣು ತೆಗೆದರೆ ಅವರ ಕಣ್ಣು ಒದ್ದೆ ಇತ್ತು, ಕೈ ಮಾತ್ರ ನನ್ನ ಮುಂದೆ ಚಾಚಿತ್ತು.

‘ಎರಡು ಸಲ ಸ್ತೋತ್ರ ಅಂದಿ,’ ಅಂದರು. ‘ಹತ್ತು ರೂಪಾಯಿ ತಗಿ.’