ಎನ್‌ಜಿನ್‌ಎಕ್ಸ್ ಇಲ್ಲದೆ ಬರೀ ಜಾವಾದಲ್ಲಿ ಎಚ್‌ಟಿಟಿಪಿಎಸ್ ಸರ್ವರ್: ನನ್ನ ಅನುಭವ

ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ನನ್ನ ಜಾವಾ ಸರ್ವರ್ ಈಗ ಎರಡನೇ ಸೀಸನ್ ನೋಡುತ್ತಿದೆ. ಒಣದ್ರಾಕ್ಷಿ ಇಟ್ಟ ರೈತರು ತಮ್ಮ ಬಾಕ್ಸ್ ಎಷ್ಟು ಉಳಿದಿವೆ, ಮಹಾರಾಷ್ಟ್ರದ ತಾಸಗಾಂವ ಮಾರ್ಕೆಟ್‌ಗೆ ಎಷ್ಟು ಹೋದವು, ಬಾಡಿಗೆ ಎಷ್ಟಾಯಿತು ಅಂತ ಮೊಬೈಲ್‌ನಲ್ಲೇ ನೋಡಿಕೊಳ್ಳುತ್ತಾರೆ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಹಾಕುವ ಎನ್‌ಜಿನ್‌ಎಕ್ಸ್, ಟಾಮ್‌ಕ್ಯಾಟ್ ಸರ್ವರ್‌ಗಳಿಲ್ಲ, ಸ್ಪ್ರಿಂಗ್ ಫ್ರೇಮ್‌ವರ್ಕ್ ಇಲ್ಲ. ಇಡೀ ಪ್ರೋಗ್ರಾಮ್ ತುಂಬಿದ ಒಂದೇ ಜಾರ್ ಫೈಲ್. ಬೆಂಗಳೂರು ಸೇರಿದ ಗೆಳೆಯರು "ಲೇ, ಜೆಡಿಕೆ (ಜಾವಾದ ಕಿಟ್) ಜೊತಿಗೆ ಬರೋ ಸರ್ವರ್ ಆಟಿಗಿ ಸಾಮಾನು, ಪ್ರೊಡಕ್ಷನ್‌ಗೆ ಯಾರರ ಹಾಕ್ತಾರೇನು?" ಅಂದಿದ್ದರು. ನಾನು ಹಾಕಿದೆ, ಓಡುತ್ತಿದೆ. ಅದಕ್ಕೇ ಈ ಬರಹ.

ಕೋಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ. ಎಚ್‌ಟಿಟಿಪಿಎಸ್‌ಸರ್ವರ್ ಕ್ಲಾಸ್ 2006ರ ಜಾವಾ 6ರಿಂದಲೂ ಇದೆ. ಕೀಸ್ಟೋರ್ (ಗುಪ್ತ ಕೀ, ಸರ್ಟಿಫಿಕೇಟ್ ಇಡುವ ಫೈಲ್) ಓದು, ಕೀಮ್ಯಾನೇಜರ್‌ಫ್ಯಾಕ್ಟರಿಗೆ ಕೊಡು, ಎಸ್‌ಎಸ್‌ಎಲ್‌ಕಾಂಟೆಕ್ಸ್ಟ್ ಕಟ್ಟು, ಎಚ್‌ಟಿಟಿಪಿಎಸ್‌ಕಾನ್ಫಿಗರೇಟರ್‌ಗೆ ಹಚ್ಚು. ಮೂವತ್ತು ನಲವತ್ತು ಸಾಲು, ಅಷ್ಟೇ. ಎಚ್‌ಟಿಟಿಪಿಎಸ್‌ನ ಗುಪ್ತ ಸಂಪರ್ಕ ಕಟ್ಟುವ ಟಿಎಲ್‌ಎಸ್‌ನ ಹಳೇ ಆವೃತ್ತಿ 1.0, 1.1 ಎರಡನ್ನೂ ಜಾವಾದವರೇ 2021ರಲ್ಲಿ ಬಂದ್ ಮಾಡಿದ್ದಾರೆ, ಅದಕ್ಕೆ ಒದ್ದಾಡಬೇಕಿಲ್ಲ. ತಲೆ ತಿಂದಿದ್ದೆಲ್ಲ ಕೋಡ್‌ನ ಹೊರಗಿನದು.

ಮೊದಲನೆಯದು ಐಪಿ. ಅಲ್ಲಿನ ಬ್ರಾಡ್‌ಬ್ಯಾಂಡ್‌ನವರು ಹತ್ತಾರು ಮನೆಗಳಿಗೆ ಸೇರಿ ಒಂದೇ ಪಬ್ಲಿಕ್ ಐಪಿ ಹಂಚಿದ್ದರು. ರೂಟರ್‌ನಲ್ಲಿ ಎಷ್ಟು ಪೋರ್ಟ್ ತೆರೆದರೂ ಹೊರಗಿನವರು ಒಳಗೆ ಬರಲು ದಾರಿಯೇ ಇಲ್ಲ. ಸ್ಟ್ಯಾಟಿಕ್ ಐಪಿಗೆ ವರ್ಷಕ್ಕೆ ಎರಡೂವರೆ ಸಾವಿರದ ಹತ್ತಿರ ಕಟ್ಟಿದೆವು. ಆಮೇಲೆ ನೋಡಿದರೆ 80ನೇ ಪೋರ್ಟ್ ಅವರ ಕಡೆಯಿಂದಲೇ ಬಂದ್! ಎಚ್‌ಟಿಟಿಪಿಎಸ್‌ಗೆ ಬೇಕಾದ ಸರ್ಟಿಫಿಕೇಟ್ ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ, ಡೊಮೇನ್ ನಮ್ಮದೇನಾ ಅಂತ ನೋಡಲು ಮಾಡುವ ಸಾದಾ ಎಚ್‌ಟಿಟಿಪಿ ಪರೀಕ್ಷೆ 80ರ ಮೇಲೆಯೇ ನಡೆಯುವುದು, ಅಲ್ವಾ? ಕೊನೆಗೆ ಡಿಎನ್‌ಎಸ್ ಪರೀಕ್ಷೆ ಹಿಡಿದೆ. ಡೊಮೇನ್‌ನ ಹೆಸರು-ವಿಳಾಸ ಪಟ್ಟಿಗೆ (ಡಿಎನ್‌ಎಸ್) ಒಂದು ಟಿಎಕ್ಸ್‌ಟಿ ರೆಕಾರ್ಡ್, ಅಂದರೆ ಒಂದು ಸಾಲು ಪಠ್ಯ, ಸೇರಿಸಿದರೆ ಆಯಿತು, ಯಾವ ಪೋರ್ಟೂ ಬೇಡ. ಪ್ರಯೋಗ ಮಾಡುವಾಗ ಲೆಟ್ಸ್ ಎನ್‌ಕ್ರಿಪ್ಟ್‌ನ ಸ್ಟೇಜಿಂಗ್ ಸರ್ವರ್ ಬಳಸಿ. ಅಸಲಿ ಸರ್ವರ್‌ನಲ್ಲಿ ತಾಸಿಗೆ ಐದು ಸಲ ಫೇಲಾದರೆ ಮುಂದಕ್ಕೆ ಬಿಡುವುದಿಲ್ಲ.

ಎಚ್‌ಟಿಟಿಪಿಎಸ್ ನಡೆಯುವ 443ನೇ ಪೋರ್ಟ್‌ನ ಕಥೆ ಬೇರೆ. ಲಿನಕ್ಸ್‌ನಲ್ಲಿ 1024ರ ಕೆಳಗಿನ ಪೋರ್ಟ್‌ಗೆ ರೂಟ್, ಅಂದರೆ ಯಂತ್ರದ ಪೂರ್ಣ ಅಧಿಕಾರ, ಬೇಕು. ಜಾವಾವನ್ನು ರೂಟ್ ಆಗಿ ಓಡಿಸಲು ನಾನು ತಯಾರಿರಲಿಲ್ಲ. ಪೋರ್ಟ್‌ನ ಅಧಿಕಾರವನ್ನಷ್ಟೇ ಕೊಡುವ ಸೆಟ್‌ಕ್ಯಾಪ್ ಕಮಾಂಡ್ ಕೊಟ್ಟರೆ ಜಾವಾ ಏಳುವುದೇ ಇಲ್ಲ, ತನ್ನದೇ ಲೈಬ್ರರಿ ಲಿಬ್‌ಜೆಎಲ್‌ಐ ಸಿಗಲಿಲ್ಲ ಅಂತ ಬಾಗಿಲಲ್ಲೇ ಬಿದ್ದುಬಿಡುತ್ತದೆ. ಅದಕ್ಕೂ ಔಷಧ ಇದೆ, ಆದರೆ ಆ ಯಂತ್ರದ ಎಲ್ಲಾ ಜಾವಾ ಪ್ರೋಗ್ರಾಮ್‌ಗೂ ಅದೇ ಅಧಿಕಾರ ಸಿಕ್ಕಿಬಿಡುತ್ತದೆ. ರೂಟರ್‌ನಲ್ಲೇ ಹೊರಗಿನ 443 ಅನ್ನು ಒಳಗಿನ 8443ಕ್ಕೆ ತಿರುಗಿಸಿದೆ. ಮುಗಿಯಿತು.

ಸರ್ಟಿಫಿಕೇಟ್ ಬಂದ ಮೇಲೆ ಇನ್ನೊಂದು ತಮಾಷೆ. ಆಫೀಸ್ ಕಂಪ್ಯೂಟರ್‌ನ ಕ್ರೋಮ್‌ನಲ್ಲಿ ಪುಟ ಚೆಂದಾಗಿ ತೆರೆಯುತ್ತದೆ, ರೈತರ ಆಂಡ್ರಾಯ್ಡ್ ಫೋನ್‌ನಲ್ಲಿ ಕೆಂಪು ಎಚ್ಚರಿಕೆ. ಗೆಳೆಯ ಕಳಿಸಿದ್ದ ಸ್ಕ್ರಿಪ್ಟ್ ಪಿ12 ಫೈಲ್‌ಗೆ (ಅದೇ ನಮ್ಮ ಕೀಸ್ಟೋರ್) ಬರೀ ಸರ್ಟ್.ಪೆಮ್, ಅಂದರೆ ನಮ್ಮ ಸರ್ಟಿಫಿಕೇಟ್ ಒಂದನ್ನೇ, ತುಂಬುತ್ತಿತ್ತು. ನಮ್ಮದನ್ನು ಮೂಲ ಸರ್ಟಿಫಿಕೇಟ್‌ಗೆ ಜೋಡಿಸುವ ನಡುವಿನ ಸರ್ಟಿಫಿಕೇಟ್ ಇಲ್ಲದೆ ಆ ಫೋನ್‌ಗಳು ನಂಬಲಿಲ್ಲ, ಕಂಪ್ಯೂಟರ್‌ನ ಕ್ರೋಮ್ ಅದನ್ನು ಎಲ್ಲಿಂದಲೋ ಹುಡುಕಿ ತಂದುಕೊಳ್ಳುತ್ತದೆ. ಎರಡೂ ಇರುವ ಫುಲ್‌ಚೈನ್.ಪೆಮ್ ಹಾಕಿದೆ, ಸರಿಹೋಯಿತು.

ಗೆಳೆಯರ "ಆಟಿಗಿ ಸಾಮಾನು" ಮಾತಿನಲ್ಲಿ ಅರ್ಧ ಸತ್ಯ ಇತ್ತು. ಕೆಲಸ ಹಂಚುವ ಎಕ್ಸಿಕ್ಯೂಟರ್ ಕೊಡದೆ ಬಿಟ್ಟರೆ ಎಲ್ಲಾ ಕೆಲಸವೂ ಒಂದೇ ಥ್ರೆಡ್‌ನಲ್ಲಿ (ಕೆಲಸದ ಒಂದೇ ಎಳೆಯಲ್ಲಿ). ಟಿಕೋಟಾ ಕಡೆ ತೋಟದಲ್ಲಿ ನಿಂತವನ ಫೋನ್‌ಗೆ ಪುಟ ತೆವಳುತ್ತಾ ಹೋಗುವಾಗ ಉಳಿದವರೆಲ್ಲ ಸಾಲಿನಲ್ಲಿ ಕಾಯಬೇಕು. ಮೊದಲು ಇಪ್ಪತ್ತು ಥ್ರೆಡ್‌ನ ಪೂಲ್ ಇಟ್ಟೆ. ಏಪ್ರಿಲ್‌ನಲ್ಲಿ ಮಾಲು ಬರುವ ಗದ್ದಲಕ್ಕೆ ಅದೂ ಸಾಲಲಿಲ್ಲ. 2023ರ ಜಾವಾ 21ಕ್ಕೆ ಹೋಗಿ ಹಗುರವಾದ ವರ್ಚುವಲ್ ಥ್ರೆಡ್‌ಗಳ ಎಕ್ಸಿಕ್ಯೂಟರ್ ಹಚ್ಚಿದ ಮೇಲೆ ಆ ದೂರು ಮತ್ತೆ ಬಂದಿಲ್ಲ. ಸನ್.ನೆಟ್.ಎಚ್‌ಟಿಟಿಪಿಸರ್ವರ್.ಮ್ಯಾಕ್ಸ್‌ರೆಕ್‌ಟೈಮ್ ಅನ್ನೋ ಪ್ರಾಪರ್ಟಿಯನ್ನೂ ಮರೆಯಬೇಡಿ. ಅದು ಇಲ್ಲದಿದ್ದರೆ ರಿಕ್ವೆಸ್ಟ್‌ಗೆ ಕಾಲಮಿತಿಯೇ ಇಲ್ಲ, ಯಾರೋ ಅರ್ಧ ಕಳಿಸಿ ಸುಮ್ನೆ ಕೂತರೆ ನಾವೂ ಕೂತಿರಬೇಕು.

ಹೊರಗೆ ಬಿಟ್ಟ ದಿನವೇ ಲಾಗ್ ನೋಡಿ ಸ್ಟೋರೇಜ್ ಸಾಹುಕಾರರು ಗಾಬರಿಯಾದರು. ವರ್ಡ್‌ಪ್ರೆಸ್ ಲಾಗಿನ್ ಕೇಳುವವರು, ಪಾಸ್‌ವರ್ಡ್‌ಗಳಿರುವ ಡಾಟ್ ಎನ್ವಿ ಫೈಲ್ ಕೇಳುವವರು, ಚುಕ್ಕೆ ಚುಕ್ಕೆ ಸ್ಲ್ಯಾಶ್ ಹಾಕಿ ಫೋಲ್ಡರ್ ಹತ್ತುವವರು. "ನಮ್ಮ ವಿಳಾಸ ಇವರಿಗೆ ಯಾರು ಹೇಳ್ಯಾರ್ರಿ?" ಅಂದರು. ಯಾರೂ ಹೇಳಬೇಕಿಲ್ಲ. ಸರ್ಟಿಫಿಕೇಟ್ ಪಡೆದ ಕೂಡಲೇ ಡೊಮೇನ್ ಹೆಸರು ಸಾರ್ವಜನಿಕ ಲಾಗ್‌ಗಳಲ್ಲಿ ಬೀಳುತ್ತದೆ, ಬಾಟ್‌ಗಳು (ತಾವೇ ಹುಡುಕುತ್ತಾ ತಿರುಗುವ ಪ್ರೋಗ್ರಾಮ್‌ಗಳು) ಅಲ್ಲಿಂದಲೇ ಎತ್ತಿಕೊಳ್ಳುತ್ತವೆ. ಫೈಲ್ ಕೊಡುವ ಹ್ಯಾಂಡ್ಲರ್‌ನಲ್ಲಿ ಪಾತ್ ಅನ್ನು ನಾರ್ಮಲೈಸ್ ಮಾಡಿ (ಆ ಚುಕ್ಕೆಗಳನ್ನು ಬಿಡಿಸಿ), ನಮ್ಮ ಫೋಲ್ಡರ್‌ನಿಂದಲೇ ಶುರುವಾಗುತ್ತಾ ಅಂತ ನೋಡಿ, ಇಲ್ಲದಿದ್ದರೆ 404, ಅಂದರೆ "ಸಿಗಲಿಲ್ಲ". ಇದು ಒಂದು ಸಾಲಿನ ಕೆಲಸ.

ನಡುವೆ ಹಳೇ ಫೋನ್‌ನಲ್ಲಿ ಟರ್ಮಕ್ಸ್ (ಲಿನಕ್ಸ್ ಕಮಾಂಡ್ ಓಡಿಸುವ ಆ್ಯಪ್) ಹಾಕಿ ಇದೇ ಜಾರ್ ಓಡಿಸಿ ನೋಡಿದೆ. ಓಡಿತು, ಕರೆಂಟ್ ಹೋದರೂ ಓಡಿತು! ನಮ್ಮ ಬ್ಯಾಸಗಿಯಲ್ಲಿ ಹಗಲು ರಾತ್ರಿ ಚಾರ್ಜ್‌ಗೆ ಹಾಕಿಟ್ಟಿದ್ದಕ್ಕೆ ಬ್ಯಾಟರಿ ಉಬ್ಬಿ ಹಿಂದಿನ ಕವರ್ ಎದ್ದುಬಂತು. ಅಲ್ಲಿಗೆ ಬಿಟ್ಟೆ.

ಇನ್ನೊಂದು ಪೆಟ್ಟು ಕೊಟ್ಟಿದ್ದು ಕಂಪ್ಯೂಟರ್‌ನ ತಾರೀಖು ಕಾಯುವ ಸೀಮಾಸ್ ಸೆಲ್. ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್, ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹತ್ತು ವರ್ಷ ಹಿಂದೆ. ನಾನು ತೆಗೆದುಕೊಂಡ ಲೆಟ್ಸ್ ಎನ್‌ಕ್ರಿಪ್ಟ್ ಸರ್ಟಿಫಿಕೇಟ್ 90 ದಿನದ್ದಾಗಿತ್ತು. ರಿನ್ಯೂ ಸ್ಕ್ರಿಪ್ಟ್ ತಾರೀಖು ನೋಡಿ "ಇನ್ನೂ ಬೇಕಾದಷ್ಟು ಟೈಮ್ ಇದೆ" ಅಂತ ಮಲಗಿಬಿಟ್ಟಿತ್ತು. ಸಿಆರ್2032 ಸೆಲ್‌ಗೆ ಐವತ್ತು ರೂಪಾಯಿ, ಜೊತೆಗೆ ನೆಟ್‌ನಿಂದ ಟೈಮ್ ಸರಿಮಾಡುವ ಕ್ರೋನಿ ಹಾಕಿದೆ.

ಹೊಸ ಸರ್ಟಿಫಿಕೇಟ್ ಬಂದಾಗ ಸರ್ವರ್ ನಿಲ್ಲಿಸದೆಯೇ ಬದಲಾಗುತ್ತದೆ. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ, ಅದರ ಮೇಲೆಯೇ ನನ್ನ ಅರ್ಧ ಧಂದೆ ನಿಂತಿದೆ. ಸುಳಿವು ಬೇಕಿದ್ದರೆ ಎಕ್ಸ್509ಎಕ್ಸ್‌ಟೆಂಡೆಡ್‌ಕೀಮ್ಯಾನೇಜರ್ ಕ್ಲಾಸ್‌ನ ಡಾಕ್ಯುಮೆಂಟ್ ತೆಗೆದು ಓದಿ. ಒಟಿಪಿ ಪುಟಕ್ಕೆ ಬಾಟ್‌ಗಳನ್ನು ತಡೆಯುವ ಲೆಕ್ಕವನ್ನೂ ಹೇಳಲಾರೆ.

ಖರ್ಚು ಕೇಳುತ್ತೀರಿ, ಗೊತ್ತು. ಡೆಸ್ಕ್‌ಟಾಪ್ ಏಳು ಸಾವಿರದ ಆಸುಪಾಸು, ಡೊಮೇನ್ ಒಂದು ಸಾವಿರದೊಳಗೆ, ಯುಪಿಎಸ್ ಅವರದೇ. ಮೆಮೊರಿ ಮಿತಿ 128 ಎಂಬಿ ಇಟ್ಟಿದ್ದೇನೆ, ಸಾಕಾಗುತ್ತಿದೆ. ಹೊರಗಿನವರೊಬ್ಬರು ಇದಕ್ಕೇ ಎಂಬತ್ತು ಸಾವಿರ, ಮೇಲೆ ವರ್ಷದ ಬಾಡಿಗೆ ಕೇಳಿದ್ದರಂತೆ. ನಾನು ಇಪ್ಪತ್ತೈದು ತೆಗೆದುಕೊಂಡೆ, ಜೊತೆಗೆ ಒಂದು ಬಾಕ್ಸ್ ಒಣದ್ರಾಕ್ಷಿ. ಈಗ ಪಕ್ಕದ ಸ್ಟೋರೇಜ್‌ನವರೂ ಕೇಳುತ್ತಿದ್ದಾರೆ. ಅವರಿಗೆ ಆನ್‌ಲೈನ್‌ನಲ್ಲಿ ಬಾಡಿಗೆ ಕಟ್ಟಿಸಿಕೊಳ್ಳುವ ಪುಟವೂ ಬೇಕಂತೆ. ಕಾರ್ಡ್ ನಂಬರ್ ನನ್ನ ಸರ್ವರ್ ಮುಟ್ಟಬಾರದು, ಪೇಮೆಂಟ್ ಗೇಟ್‌ವೇ ಪುಟಕ್ಕೇ ಕಳಿಸಿಬಿಡುತ್ತೇನೆ ಅಂದಿದ್ದೇನೆ. ರೇಟ್ ಮಾತ್ರ ಈ ಸಲ ನಲವತ್ತು.