ಸ್ಪೋರ್ಟ್ಸ್ ಕಾರಿಗೆ ಹೈ-ಫ್ಲೋ ಏರ್ ಫಿಲ್ಟರ್: ಆರಿಸುವುದು, ಕೂರಿಸುವುದು, ತೊಳೆಯುವುದು

ಹೈ-ಫ್ಲೋ ಫಿಲ್ಟರ್, ಅಂದರೆ ಗಾಳಿಯನ್ನು ಹೆಚ್ಚು ಸಲೀಸಾಗಿ ಬಿಡುವ ಏರ್ ಫಿಲ್ಟರ್, ಕೊಳ್ಳುವ ಮುಂಚೆ ಒಂದು ವಿಷಯ ಖಚಿತ ಮಾಡಿಕೊಳ್ಳಿ: ಕಾರಿನ ಜೊತೆ ಬಂದ ಕಾಗದದ ಫಿಲ್ಟರ್ ನಿಜಕ್ಕೂ ಎಂಜಿನ್‌ನ ಉಸಿರು ಕಟ್ಟಿಸುತ್ತಿದೆಯೇ? ಬಹಳಷ್ಟು ಕಾರುಗಳಲ್ಲಿ ಇಲ್ಲ. ಕಟ್ಟಿಸುತ್ತಿದ್ದರೆ ಬದಲಾಯಿಸಿದ್ದಕ್ಕೆ ಫಲ ಉಂಟು. ಇಲ್ಲದಿದ್ದರೆ ನಿಮಗೆ ಸಿಗುವುದು ಎಂಜಿನ್ ಗಾಳಿ ಎಳೆಯುವ (ಇಂಟೇಕ್) ಸದ್ದು ಮತ್ತು ಸ್ವಲ್ಪ ಹೆಚ್ಚು ಧೂಳು. ಬೆಂಗಳೂರಿನ ರಸ್ತೆಯಲ್ಲಿ ದಿನಾ ಓಡಾಡಿ, ಆಗೀಗ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೋ ಚೆನ್ನೈ ಹತ್ತಿರದ ಟ್ರ್ಯಾಕಿಗೋ ಹೋಗಿಬರುವ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹ.

ಎಂಜಿನ್‌ಗೆ ಎಷ್ಟು ಗಾಳಿ ಬೇಕು?

ನಾಲ್ಕು ಸ್ಟ್ರೋಕಿನ ಎಂಜಿನ್ ಎರಡು ಸುತ್ತಿಗೊಮ್ಮೆ ತನ್ನ ಪೂರ್ತಿ ಗಾತ್ರದಷ್ಟು ಗಾಳಿ ಎಳೆಯುತ್ತದೆ. 2 ಲೀಟರ್ ಎಂಜಿನ್ 6,500 ಆರ್‌ಪಿಎಂನಲ್ಲಿದ್ದರೆ 2 × 3,250, ಅಂದರೆ ನಿಮಿಷಕ್ಕೆ 6,500 ಲೀಟರ್. ಸಿಲಿಂಡರ್ ಶೇ. 90ರಷ್ಟು ತುಂಬುತ್ತದೆ ಎಂದುಕೊಂಡರೆ 5,850 ಲೀಟರ್, ಸುಮಾರು 207 ಸಿಎಫ್‌ಎಂ (ನಿಮಿಷಕ್ಕೆ ಘನ ಅಡಿ). ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದು, 1 ಬಾರ್ ಹೆಚ್ಚುವರಿ ಒತ್ತಡ (ಬೂಸ್ಟ್) ಹಾಕುತ್ತಿದ್ದರೆ ಇದರ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಫಿಲ್ಟರ್ ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಸಿಎಫ್‌ಎಂ ಅಂಕಿಯನ್ನು ನಿಮ್ಮ ಈ ಲೆಕ್ಕದ ಪಕ್ಕದಲ್ಲಿಟ್ಟು ನೋಡಿ. ಎಂಜಿನ್ ಕೇಳುವುದೇ 200 ಆದರೆ 600 ಬಿಡುವ ಫಿಲ್ಟರ್‌ನಿಂದ ಹೆಚ್ಚುವರಿ ಲಾಭವಿಲ್ಲ.

ಊಹೆಗಿಂತ ಅಳತೆ ಒಳ್ಳೆಯದು, ಅಳೆಯುವ ಸಾಧನಕ್ಕೆ ಹೆಚ್ಚು ಖರ್ಚೂ ಇಲ್ಲ. ಗಾರೆ ಕೆಲಸದವರು ಮಟ್ಟ ನೋಡಲು ಬಳಸುವ ಪಾರದರ್ಶಕ ಪೈಪು, 6 ಮಿ.ಮೀ. ಒಳವ್ಯಾಸದ್ದು, ನಾಲ್ಕು ಮೀಟರ್ ತನ್ನಿ. ಅದರ ನಡುಭಾಗವನ್ನು ಉದ್ದನೆಯ ಹಲಗೆಯೊಂದಕ್ಕೆ ಇಂಗ್ಲಿಷಿನ ‘ಯು’ ಆಕಾರದಲ್ಲಿ ಬಿಗಿದು, ಬಣ್ಣ ಕಲಸಿದ ನೀರನ್ನು ಎರಡೂ ಕಾಲುಗಳ ಅರ್ಧದವರೆಗೆ ತುಂಬಿ. ಒಂದು ತುದಿ ಏರ್‌ಬಾಕ್ಸ್‌ನಲ್ಲಿ (ಫಿಲ್ಟರ್ ಕೂರುವ ಡಬ್ಬಿ) ಫಿಲ್ಟರ್‌ಗಿಂತ ಮುಂಚಿನ ಭಾಗಕ್ಕೆ, ಇನ್ನೊಂದು ತುದಿ ಫಿಲ್ಟರ್ ದಾಟಿದ ಮೇಲಿನ ಭಾಗಕ್ಕೆ. ಅಲ್ಲಿ ತೂತಿಲ್ಲದಿದ್ದರೆ ಏರ್‌ಬಾಕ್ಸನ್ನು ಕಾರಿನಿಂದ ಬಿಚ್ಚಿ ಹೊರಗಿಟ್ಟು ಕೊರೆಯಿರಿ, ಪ್ಲಾಸ್ಟಿಕ್ ಚೂರೆಲ್ಲ ತೆಗೆದು ರಬ್ಬರ್ ಗ್ರಾಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಹಾಕಿ. ಅಳತೆ ಮುಗಿದ ಮೇಲೆ ಆ ತೂತುಗಳಿಗೆ ರಬ್ಬರ್ ಬಿರಡೆ ಬಿಗಿಯಲೇಬೇಕು. ನೀರಿನ ಮಟ್ಟದಿಂದ ಮೇಲಕ್ಕೆ ಎರಡೂ ಕಡೆ ಕನಿಷ್ಠ 50 ಸೆಂ.ಮೀ. ಖಾಲಿ ಪೈಪು ಇರಲಿ, ಇಲ್ಲವಾದರೆ ಎಂಜಿನ್ ನೀರನ್ನೇ ಹೀರಿಬಿಡಬಹುದು. ಡೈನೊ (ಕಾರನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಪೂರ್ತಿ ಥ್ರಾಟಲ್ ಕೊಟ್ಟು, ಗರಿಷ್ಠ ಶಕ್ತಿಯ ಆರ್‌ಪಿಎಂನಲ್ಲಿ ಎರಡು ಕಾಲುಗಳ ನೀರಿನ ಎತ್ತರದ ವ್ಯತ್ಯಾಸ ನೋಡಿ. ಸಾರ್ವಜನಿಕ ರಸ್ತೆಯಲ್ಲಿ ಇದನ್ನು ಮಾಡಬೇಡಿ.

ವ್ಯತ್ಯಾಸ 100 ಮಿ.ಮೀ. ಬಂತು ಅನ್ನಿ. ಅದು ಸುಮಾರು 10 ಮಿಲಿಬಾರ್. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 910 ಮಿಲಿಬಾರ್, ಹಾಗಾಗಿ ನಿಮ್ಮ ಫಿಲ್ಟರ್ ಕಸಿಯುತ್ತಿರುವುದು ಶೇ. 1ಕ್ಕಿಂತ ತುಸು ಹೆಚ್ಚು. ಹೊಸ ಫಿಲ್ಟರ್ ಈ ತಡೆಯನ್ನು ಅರ್ಧಕ್ಕೆ ಇಳಿಸಿದರೂ 200 ಬಿಎಚ್‌ಪಿ ಕಾರಿಗೆ ಸಿಗುವುದು 1 ಬಿಎಚ್‌ಪಿ. ಟರ್ಬೊ ಕಾರಿನಲ್ಲಿ ಅದೂ ಕಾಣಿಸದಿರಬಹುದು, ಏಕೆಂದರೆ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಗುರಿ ಬೂಸ್ಟ್ ಮುಟ್ಟಿಸಲು, ಟರ್ಬೊಗೆ ಹೋಗುವ ಹೊಗೆಯನ್ನು ಹತೋಟಿಯಲ್ಲಿಡುವ ವೇಸ್ಟ್‌ಗೇಟನ್ನು ತಾನೇ ಸರಿಹೊಂದಿಸಿಕೊಂಡಿರುತ್ತದೆ. ಹೊಚ್ಚ ಹೊಸ ಕಾಗದದ ಫಿಲ್ಟರ್ ಹಾಕಿಯೂ 250 ಮಿ.ಮೀ. ಮೀರುತ್ತಿದ್ದರೆ, ಅಥವಾ ರಿಮ್ಯಾಪ್ ಮಾಡಿಸಿ (ಇಸಿಯು ಸೆಟ್ಟಿಂಗ್ ಬದಲಿಸಿ) ದೊಡ್ಡ ಟರ್ಬೊ ಹಾಕಿಸಿದ್ದರೆ, ಆಗ ಹೈ-ಫ್ಲೋ ಫಿಲ್ಟರ್‌ಗೆ ಅರ್ಥವಿದೆ. ಹಳೆಯ, ಕೊಳೆ ಹಿಡಿದ ಕಾಗದದ ಫಿಲ್ಟರ್ ತೆಗೆದು ಹೊಸ ಹೈ-ಫ್ಲೋ ಹಾಕಿ ‘ಪಿಕಪ್ ಬಂತು’ ಅನ್ನುವುದು ಹೋಲಿಕೆಯೇ ಅಲ್ಲ. ಹೊಸದಕ್ಕೆ ಹೊಸದನ್ನೇ ಹೋಲಿಸಬೇಕು.

ಧೂಳಿನ ಲೆಕ್ಕ

ಒಂದು ಫಿಲ್ಟರ್ ಶೇ. 99.5 ಧೂಳು ತಡೆಯುತ್ತದೆ, ಇನ್ನೊಂದು ಶೇ. 98 ಅನ್ನಿ. ಕೇಳುವುದಕ್ಕೆ ಹತ್ತಿರ ಹತ್ತಿರ. ಆದರೆ 100 ಗ್ರಾಂ ಧೂಳು ಬಂದರೆ ಮೊದಲನೆಯದು ಒಳಗೆ ಬಿಡುವುದು ಅರ್ಧ ಗ್ರಾಂ, ಎರಡನೆಯದು 2 ಗ್ರಾಂ. ನಾಲ್ಕು ಪಟ್ಟು. ಹೀಗೆ ನುಸುಳುವ ಕಣಗಳಲ್ಲಿ ಸುಮಾರು 5ರಿಂದ 20 ಮೈಕ್ರಾನ್ ಗಾತ್ರದವು ಅಪಾಯಕಾರಿ. ರಿಂಗು, ಸಿಲಿಂಡರ್ ಗೋಡೆ, ಬೇರಿಂಗುಗಳ ನಡುವಿನ ಆಯಿಲ್ ಪದರ ದಾಟಿ ಎರಡೂ ಲೋಹಗಳನ್ನು ಉಜ್ಜುವುದು ಇವೇ. ಟರ್ಬೊ ಕಾರಿನಲ್ಲಿ ಕಂಪ್ರೆಸರ್ ಚಕ್ರದ ಅಲಗಿನ ಅಂಚೂ ಸವೆಯುತ್ತದೆ. ಬಳ್ಳಾರಿ, ಹೊಸಪೇಟೆ ಕಡೆಯ ಅದಿರು ಲಾರಿಗಳ ಹಿಂದೆಯೋ, ಹೆದ್ದಾರಿ ಅಗಲೀಕರಣ ನಡೆಯುವ ಕಡೆಯೋ ಓಡುವ ಕಾರಿಗೆ ಈ ಲೆಕ್ಕ ಇನ್ನೂ ಗಂಭೀರ.

ಆದ್ದರಿಂದ ಮಾರುವವರನ್ನು ಐಎಸ್‌ಒ 5011 (ಏರ್ ಫಿಲ್ಟರ್‌ಗಳ ಅಂತರರಾಷ್ಟ್ರೀಯ ಮಾನದಂಡ) ಪರೀಕ್ಷೆಯ ವರದಿ ಕೇಳಿ. ಅದರಲ್ಲಿ ನೋಡಬೇಕಾದ್ದು ಮೂರು: ಎಷ್ಟು ಸಿಎಫ್‌ಎಂನಲ್ಲಿ ಎಷ್ಟು ಒತ್ತಡ ಇಳಿಯಿತು, ಎಷ್ಟು ಗ್ರಾಂ ಧೂಳು ಹಿಡಿಯಿತು, ಶೇಕಡಾ ಎಷ್ಟು ತಡೆಯಿತು. ಮೂರನೆಯದರ ಜೊತೆಗೆ ಯಾವ ಧೂಳು ಎಂಬುದನ್ನೂ ನೋಡಿ. ಪರೀಕ್ಷೆಗೆ ನುಣ್ಣನೆಯ ಎ2 ಧೂಳನ್ನೂ ಬಳಸಬಹುದು, ಒರಟಾದ ಎ4 ಧೂಳನ್ನೂ ಬಳಸಬಹುದು. ಒರಟು ಧೂಳಿನಲ್ಲಿ ಎಲ್ಲ ಫಿಲ್ಟರ್‌ಗಳೂ ಒಳ್ಳೆಯ ಅಂಕ ತೆಗೆಯುತ್ತವೆ. ವರದಿಯೇ ಇಲ್ಲ ಎಂದರೆ ಬಿಡಿ, ಬೇರೆ ನೋಡಿ.

ಯಾವುದನ್ನು ಆರಿಸಬೇಕು?

ಏರ್‌ಬಾಕ್ಸ್ ಬದಲಿಸದೆ ಹಳೆಯದರ ಜಾಗದಲ್ಲೇ ಕೂರುವ ಡ್ರಾಪ್-ಇನ್ ಫಿಲ್ಟರ್ ಮೊದಲ ಆಯ್ಕೆಯಾಗಿರಲಿ. ಇದರಲ್ಲಿ ಮೂರು ಬಗೆ. ಆಯಿಲ್ ಹಾಕಿದ ಹತ್ತಿ ಬಟ್ಟೆಯದು, 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕೆ&ಎನ್ ಮತ್ತು ಇಟಲಿಯ ಬಿಎಂಸಿ ಮಾಡುವಂಥದ್ದು. ಇದರಲ್ಲಿ ಗಾಳಿ ಸಲೀಸಾಗಿ ಹೋಗುತ್ತದೆ, ಆದರೆ ಆಯಿಲ್ ಸರಿಯಾಗಿದ್ದರೆ ಮಾತ್ರ ಧೂಳು ನಿಲ್ಲುತ್ತದೆ. ಬ್ರಿಟನ್ನಿನ ಪೈಪರ್‌ಕ್ರಾಸ್ ಮಾಡುವಂಥ ಫೋಮ್ ಫಿಲ್ಟರ್ ಎರಡನೆಯದು. ಎಇಎಂ ಡ್ರೈಫ್ಲೋದಂಥ, ಆಯಿಲ್ ಬೇಡದ ಸಿಂಥೆಟಿಕ್ ಬಟ್ಟೆಯದು ಮೂರನೆಯದು.

ದಿನಬಳಕೆಯ ಕಾರಿಗೆ ನಮ್ಮ ಸಲಹೆ ಒಣ ಸಿಂಥೆಟಿಕ್, ಅದು ಸಿಗದಿದ್ದರೆ ಕಂಪನಿಯ ಕಾಗದವೇ. ತಪ್ಪಾಗುವ ಅವಕಾಶ ಇವುಗಳಲ್ಲಿ ಕಡಿಮೆ. ಹೆಚ್ಚಾಗಿ ಟ್ರ್ಯಾಕಿನಲ್ಲೇ ಓಡುವ, ಎಂಜಿನ್ ಆಯಿಲ್ ಬೇಗ ಬೇಗ ಬದಲಾಗುವ ಕಾರಿಗೆ ಹತ್ತಿ ಅಥವಾ ಫೋಮ್ ಹಾಕಬಹುದು.

ನೆರಿಗೆಗಳ ವಿಸ್ತೀರ್ಣವನ್ನೂ ಅಳೆಯಿರಿ: ನೆರಿಗೆಗಳ ಸಂಖ್ಯೆ × ಆಳ × ಉದ್ದ × 2. 200 ಮಿ.ಮೀ. ಉದ್ದ, 30 ಮಿ.ಮೀ. ಆಳದ 40 ನೆರಿಗೆಗಳಿದ್ದರೆ 0.48 ಚದರ ಮೀಟರ್. ಒಂದೇ ಬಗೆಯ ಎರಡು ಫಿಲ್ಟರ್‌ಗಳ ನಡುವೆ ವಿಸ್ತೀರ್ಣ ಹೆಚ್ಚಿರುವುದನ್ನೇ ತೆಗೆದುಕೊಳ್ಳಿ. ಗಾಳಿ ನಿಧಾನವಾಗಿ ಹಾಯುತ್ತದೆ, ಕಟ್ಟಿಕೊಳ್ಳುವುದೂ ತಡ.

ಬಾನೆಟ್ ಒಳಗೆ ಬಯಲಿನಲ್ಲಿ ಕೂರುವ ಕೋನ್ ಫಿಲ್ಟರ್ ಸದ್ದಿಗೆ ಚೆಂದ, ಶಕ್ತಿಗೆ ನಷ್ಟ. ಅದು ಎಳೆಯುವುದು ರೇಡಿಯೇಟರ್ ಮತ್ತು ಟರ್ಬೊ ಬಿಸಿ ಮಾಡಿದ ಗಾಳಿಯನ್ನು. ಗಾಳಿ 10 ಡಿಗ್ರಿ ಬಿಸಿಯಾದರೆ ಸಾಂದ್ರತೆ ಸುಮಾರು ಶೇ. 3 ಇಳಿಯುತ್ತದೆ. ಫಿಲ್ಟರ್‌ನಿಂದ ಉಳಿಸಿದ ಅರ್ಧ ಪರ್ಸೆಂಟ್ ಎಲ್ಲಿ, ಇಲ್ಲಿ ಕಳೆದುಕೊಂಡ ಮೂರು ಪರ್ಸೆಂಟ್ ಎಲ್ಲಿ! ನಾಕ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ಸಿಡಿಯುವುದು) ತಡೆಯಲು ಇಸಿಯು ಕಿಡಿ ಹಾರುವ ಸಮಯವನ್ನೂ (ಇಗ್ನಿಷನ್ ಟೈಮಿಂಗ್) ತಡಮಾಡುತ್ತದೆ. ಕೋನ್ ಬೇಕೇ ಬೇಕೆಂದರೆ ಸುತ್ತ ಮುಚ್ಚಿದ ಡಬ್ಬಿ ಇರುವ, ಹೊರಗಿನ ಗಾಳಿಯ ಕೊಳವೆ ಜೋಡಿಸಿದ ಕಿಟ್ ತೆಗೆದುಕೊಳ್ಳಿ. ಬಂಪರ್ ಹಿಂದೆ ಕೆಳಗೆ ಇಳಿಬಿಡುವ ಇಂಟೇಕ್ ನಮ್ಮ ಮಳೆಗಾಲಕ್ಕೆ ಬೇಡ. ನೀರು ನಿಂತ ಅಂಡರ್‌ಪಾಸಿನಲ್ಲಿ ಒಂದು ಗುಟುಕು ನೀರು ಸಿಲಿಂಡರಿಗೆ ಹೋದರೂ ಕನೆಕ್ಟಿಂಗ್ ರಾಡ್ ಬಾಗಬಹುದು.

ಕೂರಿಸುವುದು

ಎಂಜಿನ್ ಆರಿರಲಿ. ಮುಚ್ಚಳ ತೆಗೆಯುವ ಮೊದಲೇ ಅದರ ಸುತ್ತಲಿನ ಮಣ್ಣನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಒಳಬರುವ ಗಾಳಿ ಅಳೆಯುವ ಎಂಎಎಫ್ ಸೆನ್ಸರ್ ಮುಚ್ಚಳಕ್ಕೇ ಅಂಟಿಕೊಂಡಿದ್ದರೆ ಕನೆಕ್ಟರ್ ಕಳಚಿ, ವೈರ್ ಎಳೆಯಬೇಡಿ. ಕೆಲವು ಕಾರಿನಲ್ಲಿ ಕ್ಲಿಪ್, ಕೆಲವಲ್ಲಿ ಟಾರ್ಕ್ಸ್ ಸ್ಕ್ರೂ ಇರುತ್ತದೆ. ಹಳೆ ಫಿಲ್ಟರ್ ತೆಗೆದ ಕೂಡಲೇ ಶುದ್ಧ ಗಾಳಿಯ ಕಡೆಯ ಒಳಗೋಡೆಯನ್ನು ಬಿಳಿ ಬಟ್ಟೆಯಿಂದ ಒರೆಸಿ ನೋಡಿ. ಕೆಂಪು ಅಥವಾ ಬೂದು ಧೂಳು ಬಂದರೆ ಹಳೆಯದೇ ಸೋರುತ್ತಿತ್ತು. ಟರ್ಬೊ ಬಾಯಿಯ ಹತ್ತಿರ ಎಣ್ಣೆಯ ತೆಳು ಪದರ ಇದ್ದರೆ ಗಾಬರಿ ಬೇಡ, ಅದು ಸಾಮಾನ್ಯವಾಗಿ ಎಂಜಿನ್ ಒಳಗಿನ ಆವಿಯನ್ನು ಇಂಟೇಕಿಗೆ ಬಿಡುವ ಬ್ರೀದರ್ ಪೈಪಿನಿಂದ ಬಂದದ್ದು.

ಹೈ-ಫ್ಲೋ ಫಿಲ್ಟರ್ ಹಾಕಿದ ಕಾರಿಗೆ ಧೂಳು ಹೊಕ್ಕಾಗ ಬಟ್ಟೆಯನ್ನು ದೂರುವ ಮೊದಲು ಅಂಚನ್ನು ನೋಡಬೇಕು. ಅದನ್ನು ಪರೀಕ್ಷಿಸುವುದು ಹೀಗೆ: ಫಿಲ್ಟರಿನ ರಬ್ಬರ್ ಅಂಚಿನ ಮೇಲೆ ಸಿಲಿಕೋನ್ ಗ್ರೀಸನ್ನು ಬೆರಳಿನಿಂದ ತೀರಾ ತೆಳ್ಳಗೆ ಸವರಿ, ಏರ್‌ಬಾಕ್ಸ್‌ನಲ್ಲಿಟ್ಟು ಮುಚ್ಚಿ, ಎಲ್ಲ ಸ್ಕ್ರೂ ಬಿಗಿದು ಮತ್ತೆ ಬಿಚ್ಚಿ. ಮುಚ್ಚಳದ ಏಣಿನ ಮೇಲೆ ಗ್ರೀಸಿನ ಗೆರೆ ಸುತ್ತಲೂ ಮೂಡಿರಬೇಕು. ಒಂದು ಮೂಲೆಯಲ್ಲಿ ಎರಡು ಸೆಂಟಿಮೀಟರ್ ಗೆರೆ ಕಾಣದಿದ್ದರೆ ಅಲ್ಲಿ ರಬ್ಬರ್ ಒತ್ತಿಕೊಂಡಿಲ್ಲ. ಅಂಥ ಫಿಲ್ಟರನ್ನು ವಾಪಸ್ ಕೊಡಿ. ಸೀಲೆಂಟ್ ಮೆತ್ತಿ ಸರಿಮಾಡಲು ಹೋಗಬೇಡಿ.

ಪ್ಲಾಸ್ಟಿಕ್ಕಿಗೆ ಇಳಿಯುವ ಸ್ಕ್ರೂಗಳನ್ನು ಮೊದಲು ಉಲ್ಟಾ ತಿರುಗಿಸಿ. ‘ಟಕ್’ ಎಂದು ಹಳೆಯ ಥ್ರೆಡ್ಡಿಗೆ ಬಿದ್ದ ಮೇಲೆ ಬಿಗಿಯಿರಿ. ಇಲ್ಲದಿದ್ದರೆ ಪ್ರತಿಸಲ ಹೊಸ ಥ್ರೆಡ್ ಕೊರೆದು ಕೊನೆಗೆ ಸ್ಕ್ರೂ ಹಿಡಿಯುವುದೇ ಇಲ್ಲ, ಮುಚ್ಚಳ ಎದ್ದುಕೊಳ್ಳುತ್ತದೆ.

ಹೊಸ ಹತ್ತಿ ಫಿಲ್ಟರನ್ನು ಕೂರಿಸುವ ಮುಂಚೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಗ್ರಾಂ ಲೆಕ್ಕವನ್ನು ಅಂಚಿನ ಮೇಲೆ ಮಾರ್ಕರಿನಲ್ಲಿ ಬರೆದಿಡಿ. ತೊಳೆದ ಮೇಲೆ ಎಷ್ಟು ಆಯಿಲ್ ಹಾಕಬೇಕೆಂದು ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ.

ತೊಳೆಯುವುದು ಯಾವಾಗ, ಹೇಗೆ?

5,000 ಕಿ.ಮೀ.ಗೊಮ್ಮೆ ತೆಗೆದು ನೋಡಿ, ಆದರೆ ಬಣ್ಣ ಕಪ್ಪಾಯಿತೆಂದು ತೊಳೆಯಬೇಡಿ. ಹತ್ತಿಯ ಮೇಲಿನ ತಂತಿಜಾಲರಿ ಎಲ್ಲ ಕಡೆಯೂ ಇನ್ನೂ ಕಾಣುತ್ತಿದ್ದರೆ ಅದು ಕೆಲಸ ಮಾಡುತ್ತಿದೆ. ಮೇಲೆ ಕೂತ ಧೂಳೂ ಹೊಸ ಧೂಳನ್ನು ಹಿಡಿಯುತ್ತದೆ, ಪದೇ ಪದೇ ತೊಳೆದರೆ ಆ ಲಾಭ ಹೋಗುತ್ತದೆ.

1. ಮೆದು ಬ್ರಷ್ಷಿನಿಂದ ಒಣಧೂಳು ಉದುರಿಸಿ. ಫಿಲ್ಟರ್ ಕಂಪನಿಯ ಕ್ಲೀನರನ್ನೇ ಎರಡೂ ಕಡೆ ಸಿಂಪಡಿಸಿ 10 ನಿಮಿಷ ನೆನೆಯಲು ಬಿಡಿ, ಒಣಗಲು ಬಿಡಬೇಡಿ. ಪೆಟ್ರೋಲ್, ಸೀಮೆಎಣ್ಣೆ, ಬಟ್ಟೆ ಸೋಪು ಯಾವುದೂ ಬೇಡ. ಅಂಚಿನ ರಬ್ಬರ್ ಉಬ್ಬುತ್ತದೆ, ಹತ್ತಿ ಕುಗ್ಗುತ್ತದೆ.

2. ನಲ್ಲಿಯ ಸಣ್ಣ ಧಾರೆಯಲ್ಲಿ, ಶುದ್ಧ ಕಡೆಯಿಂದ ಕೊಳೆಯ ಕಡೆಗೆ ನೀರು ಹಾಯಿಸಿ. ಪ್ರೆಶರ್ ವಾಷರ್ ಹಿಡಿದರೆ ನೂಲು ಸರಿದು ತೂತು ಬೀಳುತ್ತದೆ. ನೀರು ತಿಳಿಯಾಗದಿದ್ದರೆ ಇನ್ನೊಮ್ಮೆ ಕ್ಲೀನರ್.

3. ನೀರು ಜಾಡಿಸಿ ನೆರಳಿನಲ್ಲಿ ಒಣಗಿಸಿ. ಬೇಸಿಗೆಯಲ್ಲಿ ಒಂದು ದಿನ ಸಾಕು, ಮಲೆನಾಡಿನ ಮಳೆಯಲ್ಲಿ ಎರಡು ದಿನವೂ ಬೇಕಾದೀತು. ಹೇರ್ ಡ್ರೈಯರ್, ಕಂಪ್ರೆಸರ್ ಗಾಳಿ ಎರಡೂ ನಿಷಿದ್ಧ. ಒದ್ದೆ ಉಳಿದ ಕಡೆ ಆಯಿಲ್ ಹಿಡಿಯುವುದಿಲ್ಲ.

4. ಸ್ಪ್ರೇ ಡಬ್ಬಿಯಾದರೆ 7ರಿಂದ 8 ಸೆಂ.ಮೀ. ದೂರದಿಂದ ಪ್ರತಿ ನೆರಿಗೆಗೆ ಒಂದೇ ಸಲ. 20 ನಿಮಿಷ ಬಿಟ್ಟರೆ ಆಯಿಲ್ ತಾನೇ ಹರಡುತ್ತದೆ. ಆಮೇಲೂ ಬಿಳಿ ಗೆರೆ ಉಳಿದಿದ್ದರೆ ಅಲ್ಲಿಗೆ ಮಾತ್ರ ಮತ್ತೆ ಹಾಕಿ.

5. ತೂಗಿ. ಬರೆದಿಟ್ಟ ತೂಕಕ್ಕೆ ಹತ್ತಿರವಿದ್ದರೆ ಸರಿ. ಹತ್ತಾರು ಗ್ರಾಂ ಹೆಚ್ಚಿದ್ದರೆ ಟಿಶ್ಯೂ ಕಾಗದದ ಮೇಲೆ ರಾತ್ರಿಯಿಡೀ ನಿಲ್ಲಿಸಿ.

ಒಣ ಸಿಂಥೆಟಿಕ್‌ಗೆ ಮೊದಲ ಮೂರು ಹೆಜ್ಜೆ ಸಾಕು. ಅದಕ್ಕೆ ಆಯಿಲ್ ಹಾಕಿದರೆ ಫಿಲ್ಟರ್ ಹಾಳು. ಫೋಮ್‌ಗೆ ಫೋಮಿನ ಆಯಿಲ್ ಮಾತ್ರ. ಹಿಚುಕಬಹುದು, ಹಿಂಡಿ ತಿರುಚಬಾರದು. ಕಾಗದವನ್ನು ತೊಳೆಯುವಂತಿಲ್ಲ. ಸರ್ವಿಸ್ ಸೆಂಟರಿನಲ್ಲಿ ಕಂಪ್ರೆಸರ್ ಗಾಳಿ ಊದಿ ವಾಪಸ್ ಹಾಕುವ ರೂಢಿಯಿದ್ದರೆ ಬೇಡವೆಂದು ಮೊದಲೇ ಹೇಳಿ. ಬಲ್ಬಿಗೆ ಹಿಡಿದಾಗ ಕಾಗದದಲ್ಲಿ ಬೆಳಕಿನ ಚುಕ್ಕಿ ಕಂಡರೆ ಹರಿದಿದೆ ಎಂದೇ ಅರ್ಥ. ಹತ್ತಿಯಲ್ಲಿ ಚುಕ್ಕಿಗಳು ಕಾಣುವುದು ಸಹಜ.

ಆಯಿಲ್ ಹೆಚ್ಚಾದರೆ

ಹೆಚ್ಚಿನ ಆಯಿಲ್ ತುಂತುರಾಗಿ ಹೋಗಿ ಎಂಎಎಫ್ ಸೆನ್ಸರಿನ ಬಿಸಿತಂತಿಗೆ ಅಂಟುತ್ತದೆ, ಅದರ ಮೇಲೆ ಧೂಳು ಕೂರುತ್ತದೆ. ತಂತಿ ತಣಿಯುವುದು ತಡವಾಗಿ, ಜೋರು ಓಟದಲ್ಲಿ ಸೆನ್ಸರ್ ನಿಜಕ್ಕಿಂತ ಕಡಿಮೆ ಗಾಳಿ ತೋರಿಸುತ್ತದೆ. ಇಸಿಯು ಅಷ್ಟಕ್ಕೇ ಪೆಟ್ರೋಲ್ ಹಾಕಿದಾಗ ಮಿಶ್ರಣ ತೆಳುವಾಗುತ್ತದೆ. ಕಾರಿನ ದೋಷ ಓದುವ ಒಬಿಡಿ ಸ್ಕ್ಯಾನರಿನಲ್ಲಿ ಲಾಂಗ್ ಟರ್ಮ್ ಫ್ಯುಯೆಲ್ ಟ್ರಿಮ್ (ಇಸಿಯು ಮಾಡುತ್ತಿರುವ ಇಂಧನದ ತಿದ್ದುಪಡಿ) ಶೇ. +10 ದಾಟುವುದು, ಪಿ0101 (ಎಂಎಎಫ್ ದೋಷ) ಅಥವಾ ಪಿ0171 (ತೆಳು ಮಿಶ್ರಣ) ಕೋಡ್ ಬರುವುದು ಇದರ ಗುರುತು. ಏರ್‌ಬಾಕ್ಸ್ ದಾಟಿದ ಮೇಲೆ ಎಲ್ಲಾದರೂ ಪೈಪು ಸೀಳಿದ್ದರೂ ಇದೇ ಕೋಡ್ ಬರುತ್ತದೆ, ಹಾಗಾಗಿ ಕ್ಲಾಂಪುಗಳನ್ನು ಮೊದಲು ನೋಡಿ. ಎಂಎಎಫ್‌ಗೆಂದೇ ಸಿಗುವ ಕ್ಲೀನರ್ ಸ್ಪ್ರೇ ಬಳಸಿ. ಕಾರ್ಬ್ಯುರೇಟರ್ ಕ್ಲೀನರ್ ಬೇಡ, ತಂತಿಗೆ ಬೆರಳಾಗಲಿ ಇಯರ್‌ಬಡ್ ಆಗಲಿ ತಾಗಿಸಬೇಡಿ, ಪೂರ್ತಿ ಒಣಗಿದ ಮೇಲೆ ಕನೆಕ್ಟರ್ ಹಾಕಿ. ಒತ್ತಡ ಮಾತ್ರ ಅಳೆಯುವ ಎಂಎಪಿ ಸೆನ್ಸರ್ ಇರುವ, ಎಂಎಎಫ್ ಇಲ್ಲದ ಕಾರುಗಳಿಗೆ ಈ ತೊಂದರೆಯಿಲ್ಲ.

ಫಿಲ್ಟರ್ ಧೂಳು ತಡೆಯುತ್ತಿದೆಯೇ ಎಂಬುದಕ್ಕೆ ಕೊನೆಯ ಸಾಕ್ಷಿ ಎಂಜಿನ್ ಆಯಿಲ್. ಫಿಲ್ಟರ್ ಬದಲಿಸುವ ಮುಂಚಿನ ಆಯಿಲ್ ಬದಲಾವಣೆಯಲ್ಲಿ ಒಂದು, ಅಷ್ಟೇ ಕಿ.ಮೀ. ಓಡಿದ ಮೇಲೆ ಇನ್ನೊಂದು ಸ್ಯಾಂಪಲನ್ನು ಲ್ಯಾಬಿಗೆ ಕೊಡಿ. ಸಿಲಿಕಾನ್ ಮತ್ತು ಅಲ್ಯೂಮಿನಿಯಂ ಎರಡೂ ಒಟ್ಟಿಗೆ ಏರಿದ್ದರೆ ಮಣ್ಣು ಒಳಹೋಗುತ್ತಿದೆ, ಜೊತೆಗೆ ಕಬ್ಬಿಣವೂ ಏರಿದ್ದರೆ ಸವೆತ ಶುರುವಾಗಿದೆ. ಸಿಲಿಕಾನ್ ಒಂದೇ ಏರಿದ್ದು, ಇತ್ತೀಚೆಗೆ ಗ್ಯಾಸ್ಕೆಟ್ ಕೆಲಸ ಆಗಿದ್ದರೆ ಅದು ಸೀಲೆಂಟಿನದಿರಬಹುದು. ಮಣ್ಣೇ ಎಂದು ಖಚಿತವಾದರೆ ಗ್ರೀಸಿನ ಗೆರೆಯ ಪರೀಕ್ಷೆ ಇನ್ನೊಮ್ಮೆ ಮಾಡಿ. ಗೆರೆ ಪೂರ್ತಿಯಾಗಿದ್ದೂ ಧೂಳು ಬರುತ್ತಿದ್ದರೆ, ಅಥವಾ ಅಂಚಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ, ಆ ಫಿಲ್ಟರ್ ತೆಗೆದು ಕಂಪನಿಯ ಕಾಗದದ ಫಿಲ್ಟರನ್ನೇ ಮತ್ತೆ ಹಾಕಿ.