ಬಟನ್ ಹಸಿರಾದರೆ ಸಾಲದು, ಚಿತ್ರ ಬರಬೇಕು

ನಾನು ಹದಿನಾರು ವರ್ಷ ಬಿಎನ್‌ಸಿ ಕೇಬಲ್ (ಒಂದಕ್ಕೆ ಒಂದೇ ಚಿತ್ರ ಹೋಗುವ ವಿಡಿಯೋ ತಂತಿ) ಹಿಡಿದು ಕೆಲಸ ಮಾಡಿದವಳು. ಕ್ಯಾಮೆರಾ ಚಿತ್ರ ಬರಲಿಲ್ಲ ಅಂದರೆ ರ‍್ಯಾಕ್ ಹಿಂದೆ ಹೋಗುವುದು, ಕೇಬಲ್‌ಗೆ ಸುತ್ತಿದ ಚೀಟಿಯ ನಂಬರ್ ಓದುವುದು, ಬಿಚ್ಚಿ ಪಕ್ಕದ್ದಕ್ಕೆ ಹಾಕಿ ನೋಡುವುದು. ತಪ್ಪು ಎಲ್ಲಿದೆ ಎಂದು ಕೈಗೇ ಗೊತ್ತಾಗುತ್ತಿತ್ತು. ಈಗ ಬೆಂಗಳೂರಿನ ನಮ್ಮ ನ್ಯೂಸ್ ಸ್ಟುಡಿಯೋ ಪೂರ್ತಿ ಐಪಿಗೆ, ಅಂದರೆ ಚಿತ್ರ-ಧ್ವನಿಯನ್ನು ನೆಟ್‌ವರ್ಕ್‌ನಲ್ಲಿ ಪ್ಯಾಕೆಟ್‌ಗಳಾಗಿ ಕಳಿಸುವ ಪದ್ಧತಿಗೆ, ಬಂದಿದೆ. ಒಂದೇ ಫೈಬರ್‌ನಲ್ಲಿ ಹತ್ತು ಕ್ಯಾಮೆರಾ ಹೋಗುತ್ತವೆ. ಯಾವುದು ಎಲ್ಲಿದೆ ಎಂದು ಮುಟ್ಟಿ ನೋಡಲು ಆಗುವುದಿಲ್ಲ.

ಹೊಸದಾಗಿ ಸೇರಿದವರು ಮೊದಲು ಕೇಳುವುದು ಕಂಟ್ರೋಲ್ ಸಾಫ್ಟ್‌ವೇರ್ ಬಗ್ಗೆ. ನಾನು ಅವರನ್ನು ಮೊದಲು ಗಡಿಯಾರದ ಹತ್ತಿರ ಕರೆದುಕೊಂಡು ಹೋಗುತ್ತೇನೆ.

ಐಪಿ ಸ್ಟುಡಿಯೋಗಳ ಮಾನದಂಡವಾದ ಎಸ್‌ಎಂಪಿಟಿಇ 2110 ಪದ್ಧತಿಯಲ್ಲಿ ಚಿತ್ರಕ್ಕೆ ಒಂದು ಸ್ಟ್ರೀಮ್, ಧ್ವನಿಗೆ ಇನ್ನೊಂದು, ಟೈಮ್‌ಕೋಡ್‌ನಂಥ ಡೇಟಾಗೆ ಮತ್ತೊಂದು. ಆ ತುದಿಯಲ್ಲಿ ಇವು ಮತ್ತೆ ಸರಿಯಾಗಿ ಕೂಡಿಕೊಳ್ಳುವುದು ಪ್ಯಾಕೆಟ್ ಮೇಲಿನ ಸಮಯ ನೋಡಿ. ಆ ಸಮಯ ಕೊಡುವುದು ಪಿಟಿಪಿ, ಅಂದರೆ ನೆಟ್‌ವರ್ಕ್‌ನ ಎಲ್ಲ ಉಪಕರಣಗಳನ್ನೂ ಒಂದೇ ಸಮಯಕ್ಕೆ ಹೊಂದಿಸುವ ವಿಧಾನ. ಅದಕ್ಕೆ ಜಿಪಿಎಸ್ ಆಂಟೆನಾ ಇರುವ ಎರಡು ಗ್ರ್ಯಾಂಡ್‌ಮಾಸ್ಟರ್ (ಉಳಿದವೆಲ್ಲ ಅನುಸರಿಸುವ ಯಜಮಾನ) ಗಡಿಯಾರ ಇಡಿ. ಪಿಟಿಪಿ ಗುಂಪಿನ ಸಂಖ್ಯೆ, ಅಂದರೆ ಡೊಮೇನ್, 127 ಎಂದು ಎಲ್ಲ ಉಪಕರಣಗಳಲ್ಲೂ ಒಂದೇ ಇರಲಿ.

ಇಲ್ಲಿ ಬಹಳ ಜನ ಒಂದು ತಪ್ಪು ಮಾಡುತ್ತಾರೆ. ಯಾವ ಗಡಿಯಾರ ಯಜಮಾನ ಎಂದು ತೀರ್ಮಾನಿಸುವ ಪ್ರಯಾರಿಟಿ-1 ಸೆಟ್ಟಿಂಗ್‌ನಲ್ಲಿ ಮೇನ್ ಗಡಿಯಾರಕ್ಕೆ ಸಣ್ಣ ಸಂಖ್ಯೆ, ಬ್ಯಾಕಪ್‌ಗೆ ದೊಡ್ಡದು ಕೊಡುತ್ತಾರೆ. ಸಣ್ಣ ಸಂಖ್ಯೆ ಗೆಲ್ಲುತ್ತದೆ, ಸರಿ. ಆದರೆ ಪ್ರಯಾರಿಟಿ-1 ಹೋಲಿಸಿದ ಮೇಲಷ್ಟೇ ಗಡಿಯಾರದ ಗುಣಮಟ್ಟ ನೋಡುವುದು. ಮೇನ್‌ನ ಆಂಟೆನಾ ಹೋದರೂ ಅದೇ ಯಜಮಾನನಾಗಿ ಕೂತಿರುತ್ತದೆ, ಜಿಪಿಎಸ್ ಇರುವ ಬ್ಯಾಕಪ್ ಸುಮ್ನೆ ನೋಡುತ್ತಿರುತ್ತದೆ. ಎರಡಕ್ಕೂ ಪ್ರಯಾರಿಟಿ-1 ಒಂದೇ ಕೊಡಿ, ಪ್ರಯಾರಿಟಿ-2 (ಗುಣಮಟ್ಟವೂ ಸಮವಾದರೆ ನೋಡುವುದು) ಮಾತ್ರ ಬೇರೆ ಇಡಿ. ಕ್ಯಾಮೆರಾ, ಮಿಕ್ಸರ್, ಮಲ್ಟಿವ್ಯೂವರ್ (ಹಲವು ಚಿತ್ರಗಳನ್ನು ಒಂದೇ ಪರದೆಯಲ್ಲಿ ತೋರಿಸುವುದು) ಯಾವುದೂ ಯಜಮಾನ ಗಡಿಯಾರ ಆಗದಂತೆ ಸ್ಲೇವ್-ಓನ್ಲಿ ಮಾಡಿ. ಬಾಡಿಗೆಗೆ ತಂದ ಪೆಟ್ಟಿಗೆಗಳಿಗೂ ಇದೇ ನಿಯಮ. ಅವನ್ನು ಜೋಡಿಸುವ ಮುಂಚೆಯೇ ಈ ಸೆಟ್ಟಿಂಗ್ ನೋಡಿ.

ಆಮೇಲೆ ಪ್ರತಿ ಸ್ಟ್ರೀಮ್‌ನ ಮಲ್ಟಿಕಾಸ್ಟ್ ಅಡ್ರೆಸ್, ಅಂದರೆ ಬೇಕಾದವರೆಲ್ಲ ಒಂದೇ ಸ್ಟ್ರೀಮ್ ಪಡೆಯಲು ಬಳಸುವ ವಿಳಾಸ. ಇದಕ್ಕೆ ಒಂದು ಲೆಡ್ಜರ್ ಬೇಕೇ ಬೇಕು. ಸ್ಪ್ರೆಡ್‌ಶೀಟ್ ಆದರೂ ಸಾಕು, ಆದರೆ ಒಂದೇ ಇರಬೇಕು, ಬರೆಯುವವರೂ ಒಬ್ಬರೇ ಇರಬೇಕು. ನಮ್ಮಲ್ಲಿ 239.10.2.3 ಅಂದರೆ ಎರಡನೇ ಸ್ಟುಡಿಯೋದ ಮೂರನೇ ಕ್ಯಾಮೆರಾ. ನೋಡಿದ ತಕ್ಷಣ ಗೊತ್ತಾಗಬೇಕು, ಅಲ್ವಾ? ಒಂದು ಎಚ್ಚರ: ಮಲ್ಟಿಕಾಸ್ಟ್ ಅಡ್ರೆಸ್‌ನ ಕೊನೆಯ 23 ಬಿಟ್ ಮಾತ್ರ ಮ್ಯಾಕ್ ಅಡ್ರೆಸ್‌ಗೆ (ನೆಟ್‌ವರ್ಕ್ ಸ್ವಿಚ್ ಪ್ಯಾಕೆಟ್ ಹಂಚಲು ನೋಡುವ ವಿಳಾಸ) ಹೋಗುತ್ತವೆ. ಹಾಗಾಗಿ 239.10.2.3 ಮತ್ತು 239.138.2.3 ಎರಡಕ್ಕೂ ಒಂದೇ ಮ್ಯಾಕ್, ಸ್ವಿಚ್ ಎರಡನ್ನೂ ಬೆರೆಸಿಬಿಡಬಹುದು. ಎರಡನೇ ಸಂಖ್ಯೆ 127 ದಾಟದಂತೆ ನೋಡಿಕೊಂಡರೆ 239ರೊಳಗೆ ಈ ತಾಪತ್ರಯ ಇಲ್ಲ. 239.0.0 ಎಂದು ಶುರುವಾಗುವುದನ್ನೂ ಬಿಟ್ಟುಬಿಡಿ. ಅದು ನೆಟ್‌ವರ್ಕ್‌ನ ಸ್ವಂತ ಮಾತುಕತೆಯ ಮ್ಯಾಕ್ ಅಡ್ರೆಸ್‌ಗಳ ಮೇಲೆ ಬಂದು ಕೂರುತ್ತದೆ.

ಲಿಂಕ್ ಲೆಕ್ಕ, ಅಂದರೆ ಒಂದು ಫೈಬರ್‌ಗೆ ಎಷ್ಟು ಸ್ಟ್ರೀಮ್ ಹಿಡಿಸುತ್ತದೆ ಎಂಬುದು, ಸುಲಭ. 10 ಬಿಟ್ 1080ಐ50 ಚಿತ್ರಕ್ಕೆ ಸೆಕೆಂಡಿಗೆ 1 ಗಿಗಾಬಿಟ್‌ಗಿಂತ ಸ್ವಲ್ಪ ಜಾಸ್ತಿ, 1080ಪಿ50ಗೆ ಅದರ ಎರಡರಷ್ಟು. ಕೆಲವು ರಿಸೀವರ್‌ಗಳು (ಸ್ಟ್ರೀಮ್ ಪಡೆಯುವ ಉಪಕರಣಗಳು) ಸ್ಟ್ರೀಮ್ ಬದಲಾಯಿಸುವಾಗ ಹಳೆಯದನ್ನು ಬಿಡುವ ಮುಂಚೆ ಹೊಸದನ್ನು ಹಿಡಿಯುತ್ತವೆ. ಆ ಕ್ಷಣಕ್ಕೂ ಜಾಗ ಬಿಡಿ.

ಈಗ ನನಗೆ ಪಾಠ ಕಲಿಸಿದ ಒಂದು ಮಧ್ಯಾಹ್ನದ ಕತೆ. ಎರಡನೇ ಸ್ಟುಡಿಯೋಗೆ ಹೊಸ ನೆಟ್‌ವರ್ಕ್ ಸ್ವಿಚ್ ಹಾಕಿದ್ದೆವು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಮೂರನೇ ಕ್ಯಾಮೆರಾದ ಬಟನ್ ಒತ್ತಿದೆ, ಬಟನ್ ಹಸಿರಾಯಿತು, ಚಿತ್ರ ಬಂತು. ಖುಷಿಯಿಂದ ಚಹಾ ಕುಡಿಯಲು ಹೋದೆವು. ಬಂದು ನೋಡಿದರೆ ಮಾನಿಟರ್ ಕಪ್ಪು. ಬಟನ್ ಮಾತ್ರ ಹಸಿರು! ಬಿಟ್ಟು ಮತ್ತೆ ಒತ್ತಿದೆ, ಚಿತ್ರ ಬಂತು. ಸ್ವಲ್ಪ ಹೊತ್ತಿಗೆ ಮತ್ತೆ ಹೋಯಿತು. ಕ್ಯಾಮೆರಾ ಬದಲಾಯಿಸಿದೆವು, ಎಸ್‌ಎಫ್‌ಪಿ (ಫೈಬರ್ ಸಿಕ್ಕಿಸುವ ಚಿಕ್ಕ ಮಾಡ್ಯೂಲ್) ಬದಲಾಯಿಸಿದೆವು, ಫೈಬರ್ ಒರೆಸಿದೆವು. ಕೊನೆಗೆ ಫೋನಿನ ಸ್ಟಾಪ್‌ವಾಚ್ ಹಚ್ಚಿ ನೆಲದ ಮೇಲೆ ಕೂತೆ. ಒಮ್ಮೆ, ಎರಡು ಸಲ, ಮೂರು ಸಲ: ಪ್ರತಿ ಸಲವೂ ಹೆಚ್ಚುಕಡಿಮೆ ನಾಲ್ಕು ನಿಮಿಷ ಇಪ್ಪತ್ತು ಸೆಕೆಂಡ್.

ಅಂದರೆ 260 ಸೆಕೆಂಡ್. ಆಗ ತಲೆಗೆ ಹೊಳೆಯಿತು. ಯಾವ ಸ್ಟ್ರೀಮ್ ಯಾರಿಗೆ ಬೇಕು ಎಂದು ಸ್ವಿಚ್‌ಗೆ ತಿಳಿಸುವ ಐಜಿಎಂಪಿಯಲ್ಲಿ ಕ್ವೆರಿಯರ್ ಅಂತ ಒಬ್ಬ ಇರಬೇಕು. 125 ಸೆಕೆಂಡಿಗೊಮ್ಮೆ ಅವನು ‘ಈ ಸ್ಟ್ರೀಮ್ ಯಾರಿಗಾದರೂ ಇನ್ನೂ ಬೇಕಾ?’ ಎಂದು ಕೂಗುತ್ತಾನೆ. ರಿಸೀವರ್ ‘ನನಗೆ ಬೇಕು’ ಅನ್ನುತ್ತದೆ. ಆ ವಿ-ಲ್ಯಾನ್‌ನಲ್ಲಿ (ಸ್ವಿಚ್‌ನೊಳಗೆ ಬೇರೆ ಮಾಡಿದ ಜಾಲ) ಕ್ವೆರಿಯರ್ ಆನ್ ಮಾಡುವುದನ್ನೇ ನಾವು ಮರೆತಿದ್ದೆವು. ಕೇಳುವವರಿಲ್ಲ, ಹೇಳುವವರಿಲ್ಲ. ಎರಡು ಸುತ್ತು, ಮೇಲೆ ಉತ್ತರಕ್ಕೆ ಹತ್ತು ಸೆಕೆಂಡ್, ಒಟ್ಟು 260 ಸೆಕೆಂಡ್ ಕಾದು ಸ್ವಿಚ್ ಆ ಪೋರ್ಟ್‌ಗೆ ಸ್ಟ್ರೀಮ್ ನಿಲ್ಲಿಸಿತು. ಒಂದೇ ಸಾಲಿನ ಕಮಾಂಡ್, ಸರಿಹೋಯಿತು. ಅವತ್ತಿನಿಂದ ಹೊಸ ಸ್ವಿಚ್ ಹಾಕಿದರೆ ಐದು ನಿಮಿಷ ಚಿತ್ರ ನೋಡದೆ ನಾನು ಸಹಿ ಹಾಕುವುದಿಲ್ಲ.

ಹಾಗಾದರೆ ಆ ಹಸಿರು ಬಣ್ಣಕ್ಕೆ ಏನರ್ಥ? ಉಪಕರಣಗಳನ್ನು ಹುಡುಕಿ ಜೋಡಿಸುವ ನಿಯಮಗಳ ಗುಂಪು ಎನ್‌ಮೋಸ್. ಅದರ ಐಎಸ್-04 ಯಾವ ಉಪಕರಣ ಎಲ್ಲಿದೆ ಎಂಬ ಹಾಜರಿ ಪುಸ್ತಕ. ಪ್ರತಿಯೊಂದೂ 5 ಸೆಕೆಂಡಿಗೊಮ್ಮೆ ‘ಇದ್ದೇನೆ’ ಅನ್ನಬೇಕು. 12 ಸೆಕೆಂಡ್ ಸುಮ್ಮನಿದ್ದರೆ ಪಟ್ಟಿಯಿಂದ ಹೆಸರು ಹೋಗುತ್ತದೆ. ಐಎಸ್-05 ಎಂಬುದು ರಿಸೀವರ್‌ಗೆ ‘ಈ ಸ್ಟ್ರೀಮ್ ತಗೋ’ ಎಂದು ಹೇಳುವ ಬಗೆ. ಅದು ‘ಆಯ್ತು’ ಅಂದರೆ ಪ್ಯಾನೆಲ್ ಹಸಿರಾಗುತ್ತದೆ. ಅಷ್ಟೇ. ಪ್ಯಾಕೆಟ್ ಬಂತಾ, ಚಿತ್ರ ಕೂಡಿತಾ ಎಂದು ಅದು ಹೇಳುವುದಿಲ್ಲ. ಅದಕ್ಕೇ ಚಿತ್ರ ಇಲ್ಲ ಅಂತ ಫೋನ್ ಬಂದರೆ ನಾನು ಪ್ಯಾನೆಲ್ ನೋಡುವುದಿಲ್ಲ. ಮೊದಲು ರಿಸೀವರ್‌ನಲ್ಲಿ ಪ್ಯಾಕೆಟ್ ಲೆಕ್ಕ ಏರುತ್ತಿದೆಯಾ ನೋಡುತ್ತೇನೆ. ಏರುತ್ತಿದ್ದೂ ಚಿತ್ರ ಇಲ್ಲದಿದ್ದರೆ ಪಿಟಿಪಿ ಅಥವಾ ಫಾರ್ಮ್ಯಾಟ್ ಕಡೆ ಹೋಗಿ. ಏರುತ್ತಿಲ್ಲವಾದರೆ ಸ್ವಿಚ್‌ನ ಐಜಿಎಂಪಿ ಪಟ್ಟಿಯಲ್ಲಿ ಆ ಪೋರ್ಟ್ ಇದೆಯಾ ನೋಡಿ. ಅಲ್ಲೂ ಇದ್ದರೆ ಕಳಿಸುವವನ ಹತ್ತಿರ ಹೋಗಿ.

ಹೆಸರುಗಳನ್ನೂ ಸರಿ ಮಾಡಿಕೊಳ್ಳಿ. ಕಂಪನಿಯಿಂದ ಬಂದ ‘ಸೆಂಡರ್ 1’ ಎಂಬ ಹೆಸರು ನಾಲ್ಕು ಉಪಕರಣಗಳಿಗೆ ಇದ್ದರೆ ರಾತ್ರಿ ಪಾಳಿಯವರು ಏನು ಮಾಡಬೇಕು? ನಾವು ‘ಸ್ಟು2-ಕ್ಯಾಮ್3’ ಎಂದು ಬರೆಯುತ್ತೇವೆ.

ಇನ್ನು ಕೆಂಪು, ನೀಲಿ ಎಂದು ಕರೆಯುವ ಎರಡು ಪ್ರತ್ಯೇಕ ಜಾಲ. ಎಸ್‌ಎಂಪಿಟಿಇ 2022-7 ಪದ್ಧತಿಯಲ್ಲಿ ಪ್ರತಿ ಸ್ಟ್ರೀಮ್ ಎರಡು ದಾರಿಯಲ್ಲಿ ಹೋಗುತ್ತದೆ. ಒಂದು ದಾರಿ ಕಡಿದರೂ ಚಿತ್ರ ಮಿಟುಕುವುದೂ ಇಲ್ಲ. ಕಷ್ಟ ಇರುವುದೂ ಅಲ್ಲೇ. ಒಂದು ಕಾಲು, ಅಂದರೆ ಒಂದು ದಾರಿ, ಮುರಿದದ್ದು ಯಾರಿಗೂ ಕಾಣುವುದಿಲ್ಲ. ಅದಕ್ಕೆ ಎರಡೂ ಕಾಲಿನ ಪ್ಯಾಕೆಟ್ ಲೆಕ್ಕವನ್ನು ಬೇರೆ ಬೇರೆಯಾಗಿ ನೋಡಿ, ಒಂದು ನಿಂತರೂ ಅಲಾರಂ ಕೂಗುವಂತೆ ಮಾಡಿ. ಅಲಾರಂ ನಿಜವಾಗಿ ಕೂಗುತ್ತದಾ ಎಂದು ನೋಡಲು ನಾನು ಭಾನುವಾರ ರಾತ್ರಿ ಎರಡು ಗಂಟೆಗೆ, ರೆಕಾರ್ಡೆಡ್ ಕಾರ್ಯಕ್ರಮ ಓಡುತ್ತಿರುವಾಗ, ಎಂಸಿಆರ್‌ಗೆ (ಪ್ರಸಾರ ನೋಡಿಕೊಳ್ಳುವ ಮಾಸ್ಟರ್ ಕಂಟ್ರೋಲ್ ರೂಮ್) ಹೇಳಿ ಸ್ಟುಡಿಯೋದ ಕೆಂಪು ಫೈಬರ್ ಎಳೆಯುತ್ತೇನೆ. ಮಲ್ಟಿವ್ಯೂವರ್‌ನ ಎಲ್ಲ ಚೌಕಗಳನ್ನೂ ಒಂದೊಂದಾಗಿ ನೋಡುತ್ತೇನೆ. ಮತ್ತೆ ಸಿಕ್ಕಿಸಿ, ಕೆಂಪಿನ ಲೆಕ್ಕ ಏರಲು ಶುರುವಾಗುವವರೆಗೆ ಕಾದು, ಆಮೇಲೆ ನೀಲಿಗೆ ಕೈ ಹಾಕುತ್ತೇನೆ.